ಬ್ರೇಕ್ ಫೇಲ್ ಎಂಬ ನೆಪ

ಘಟ್ಟದ ತಿರುವಿನಲ್ಲಿ ವಾಹನವೊಂದು ಉರುಳಿತೆಂಬ ವಾರ್ತೆ ಬಂದಾಗಲೆಲ್ಲ ಅದರ ಬೆನ್ನಿಗೆ ಎರಡು ಶಬ್ದಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ: 'ಬ್ರೇಕ್ ಫೇಲ್'. ಅವನ್ನು ಓದಿದೊಡನೆ ವಿಚಾರಣೆಯೇ ಮುಗಿದಂತಾಗುತ್ತದೆ. ಸಿಡಿಲು ಬಡಿದಂತೆ, ನೆರೆ ಏರಿದಂತೆ ಇದೂ ಮನುಷ್ಯನ ಕೈಮೀರಿದ ವಿಪತ್ತೆಂದು ನಿಟ್ಟುಸಿರಿಟ್ಟು ಓದುಗನು ಮುಂದಿನ ಸುದ್ದಿಗೆ ಕಣ್ಣು ಹೊರಳಿಸುತ್ತಾನೆ. ಈ ಸಮಾಧಾನವು ಯೋಗ್ಯವಾದುದಲ್ಲವೆಂದು ನಾವು ಹೇಳಬಯಸುತ್ತೇವೆ. ಬ್ರೇಕು ಯಾವ ಸೂಚನೆಯನ್ನೂ ಕೊಡದೆ ಕೈಬಿಡುವುದು ಅಪರೂಪ. ಸಾಮಾನ್ಯವಾಗಿ ಅದು ಮೊದಲೇ ತನ್ನ ದೂರನ್ನು ಹೇಳಿಕೊಂಡಿರುತ್ತದೆ. ಕೇಳುವವರು ಇರುವುದಿಲ್ಲ, ಅಥವಾ ಕೇಳಿ ಬಂದು ಹೇಳಿದವನ ಮಾತಿಗೆ ಬೆಲೆ ಇರುವುದಿಲ್ಲ.

ಹೋಟೆಲು ಕೆಲಸಗಾರರಿಗೂ ಆಫೀಸಿನ ಗುಮಾಸ್ತರಿಗೂ ಈ ಯಂತ್ರವಿಚಾರವೇಕೆ ಎಂದು ಕೆಲವರು ಕೇಳಬಹುದು. ನಸುಕಿನಲ್ಲಿ ತರಕಾರಿ ಮಾರುಕಟ್ಟೆಗೆ ಹೋಗುವ ಹೋಟೆಲಿನ ಟೆಂಪೋವನ್ನು ನಡೆಸುವವನು ಅನೇಕ ವೇಳೆ ನಮ್ಮವನೇ. ಹಲವು ವರ್ಷ ಉಳಿತಾಯ ಮಾಡಿ, ಮೇಲೆ ಸಾಲವನ್ನೂ ಎತ್ತಿ, ಮತ್ತೊಬ್ಬರು ಓಡಿಸಿ ಬಿಟ್ಟ ಕಾರೊಂದನ್ನು ಕೊಳ್ಳುವ ಗುಮಾಸ್ತನೂ ನಮ್ಮವನೇ. ಚೌತಿಗೋ ದೀಪಾವಳಿಗೋ ಐದಾರು ಮಂದಿ ಒಂದೇ ಗಾಡಿಯಲ್ಲಿ ಕುಳಿತು ಮುಂಬಯಿಯಿಂದ ಊರಿಗೆ ಹೊರಟರೆ, ಬೆಳಗಾವಿ ಹುಬ್ಬಳ್ಳಿಗಳನ್ನು ದಾಟಿ ಅರಬೈಲು ಘಟ್ಟವನ್ನು ಇಳಿಯಬೇಕು; ಮರಳಿ ಬರುವಾಗ ಖಂಡಾಲದ ಇಳಿಜಾರು ಕಾದಿರುತ್ತದೆ. ಆ ಹೊತ್ತಿನಲ್ಲಿ ಒಂದು ಕುಟುಂಬದ ಪ್ರಾಣವೆಲ್ಲ ಚಾಲಕನ ಬಲಗಾಲಿನ ಕೆಳಗಿರುವ ಒಂದು ಲೋಹದ ಹಲಗೆಯನ್ನು ನೆಚ್ಚಿಕೊಂಡಿರುತ್ತದೆ. ಅದರ ಕೆಳಗೆ ನಡೆಯುವುದೇನೆಂಬುದನ್ನು ತಿಳಿಯಲು ಇಂಜಿನಿಯರೇ ಆಗಬೇಕಾಗಿಲ್ಲ.

ಸಾಮಾನ್ಯ ಕಾರಿನ ಬ್ರೇಕು ದ್ರವದ ಒತ್ತಡದಿಂದ ಕೆಲಸಮಾಡುತ್ತದೆ. ಮುಚ್ಚಿದ ದ್ರವದ ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬುದು ಹದಿನೇಳನೆಯ ಶತಮಾನದ ಫ್ರೆಂಚ್ ವಿದ್ವಾಂಸ ಪ್ಯಾಸ್ಕಲನು ನಿರೂಪಿಸಿದ ತತ್ವ. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಬ್ರೇಕ್ ಎಣ್ಣೆಯನ್ನು ಒತ್ತುತ್ತದೆ. ಸಣ್ಣ ಕೊಳವೆಗಳ ಮೂಲಕ ಆ ಒತ್ತಡವು ಚಕ್ರಗಳಿಗೆ ಮುಟ್ಟುತ್ತದೆ. ಚಕ್ರದ ಬಳಿಯ ಪಿಸ್ಟನ್ನಿನ ವಿಸ್ತೀರ್ಣವು ಮೊದಲನೆಯದರ ೪ ಪಾಲು ಇದ್ದರೆ ಅಲ್ಲಿ ದೊರೆಯುವ ಬಲವೂ ೪ ಪಾಲು. ಆ ಬಲವು ಪ್ಯಾಡುಗಳನ್ನು ತಿರುಗುವ ಡಿಸ್ಕಿಗೆ, ಅಥವಾ ಶೂಗಳನ್ನು ಡ್ರಮ್ಮಿನ ಒಳಮೈಗೆ, ಒತ್ತಿ ಹಿಡಿಯುತ್ತದೆ. ಗಾಡಿಯ ವೇಗವೆಲ್ಲ ಅಲ್ಲಿ ಉಷ್ಣವಾಗಿ ಮಾರ್ಪಡುತ್ತದೆ. ಗಂಟೆಗೆ ೪೦ ಕಿಲೋಮೀಟರಿನಲ್ಲಿ ಹೋಗುವ ಕಾರನ್ನು ನಿಲ್ಲಿಸುವುದಕ್ಕಿಂತ ೮೦ರಲ್ಲಿ ಹೋಗುವ ಅದೇ ಕಾರನ್ನು ನಿಲ್ಲಿಸುವಾಗ ಹುಟ್ಟುವ ಉಷ್ಣವು ಇಮ್ಮಡಿಯಲ್ಲ, ನಾಲ್ಮಡಿ.

ಈ ಉಷ್ಣವೇ ಘಟ್ಟದ ಗುಟ್ಟು. ಇಳಿಜಾರಿನಲ್ಲಿ ಬ್ರೇಕನ್ನು ಬಿಡದೆ ತುಳಿಯುತ್ತ ಬಂದರೆ ಪ್ಯಾಡು ಕಾದು ಅದರ ಹಿಡಿತವೇ ತಗ್ಗುತ್ತದೆ. ಮುಂದುವರಿದರೆ ಎಣ್ಣೆಯೂ ಕಾಯುತ್ತದೆ. 'ಡಾಟ್ ೩' ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಆದರೆ ಈ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ಶೇಕಡಾ ೩.೭ರಷ್ಟು ನೀರು ಸೇರಿದಾಗ ಅದೇ ದರ್ಜೆಯ ಎಣ್ಣೆಯ ಕನಿಷ್ಠ ಮಿತಿಯು ೧೪೦ ಡಿಗ್ರಿಗೆ ಇಳಿಯುತ್ತದೆ. ಮುಂಬಯಿಯ ಮಳೆಗಾಲವನ್ನು ಕಂಡವರಿಗೆ ಗಾಳಿಯ ತೇವವೆಂದರೇನೆಂದು ವಿವರಿಸಬೇಕಾಗಿಲ್ಲ. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಹಿಸುಕಿ ಕುಗ್ಗಿಸಲಾಗದು. ಆವಿಯು ಹಿಸುಕಿದರೆ ಕುಗ್ಗುತ್ತದೆ. ಆಗ ಕಾಲಿನ ಒತ್ತಡವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ವ್ಯಯವಾಗಿ, ಪೆಡಲು ನೆಲಕ್ಕೆ ತಾಗಿದರೂ ಗಾಡಿ ನಿಲ್ಲದು. ಗಾಡಿ ತಣಿದ ಮೇಲೆ ಪರೀಕ್ಷಿಸಿದರೆ ಬ್ರೇಕು ಮತ್ತೆ ಸರಿಯಾಗಿಯೇ ಇದ್ದಂತೆ ತೋರಬಹುದು. ಆಗ ದೋಷವೆಲ್ಲ ಚಾಲಕನ ತಲೆಯ ಮೇಲೆ!

ಪೆಟ್ರೋಲು ಉಳಿಸಲೆಂದು ಇಳಿಜಾರಿನಲ್ಲಿ ಗೇರನ್ನು ಬಿಟ್ಟು ನ್ಯೂಟ್ರಲ್‌ನಲ್ಲಿ ಸಾಗುವ ದುರಭ್ಯಾಸವನ್ನೂ ಇಲ್ಲಿಯೇ ಖಂಡಿಸಬೇಕು. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಿರಿಯ ಚಾಲಕರ ಬುದ್ಧಿವಾದದಲ್ಲಿ ಅರ್ಥವಿದೆ. ಕೆಳಗಿನ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆಹಿಡಿಯುತ್ತದೆ. ಬ್ರೇಕಿಗೆ ವಿರಾಮ ದೊರೆಯುತ್ತದೆ. ಇಂಜಿನ್ನನ್ನೇ ಆರಿಸಿ ಇಳಿಯುವವನಂತೂ ಬ್ರೇಕಿನ ಬೂಸ್ಟರನ್ನೂ ಕಳೆದುಕೊಳ್ಳುತ್ತಾನೆ: ಎರಡು ಮೂರು ಸಲ ತುಳಿದ ಮೇಲೆ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ.

ಇನ್ನು ಬ್ರೇಕು ಹೇಳುವ ದೂರುಗಳನ್ನು ನೋಡೋಣ. ಪೆಡಲು ಸ್ಪಂಜಿನಂತೆ ಮೆತ್ತಗಾಗಿ, ಎರಡು ಮೂರು ಸಲ ತುಳಿದಾಗ ಮೇಲೇರಿದರೆ, ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿದೆಯೇ ಎಂದು ಮೊದಲು ಶಂಕಿಸಬೇಕು. ನಿಂತ ಗಾಡಿಯಲ್ಲಿ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿದಾಗ ಅದು ಮೆಲ್ಲಮೆಲ್ಲನೆ ಕೆಳಗಿಳಿಯುತ್ತಿದ್ದರೆ ಒತ್ತಡವು ಎಲ್ಲಿಯೋ ಸೋರುತ್ತಿದೆ. ಹೊರಗೆ ಎಣ್ಣೆಯ ಕಲೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲು ಸವೆದಿರಬಹುದು. ಪೆಡಲು ಗಟ್ಟಿಯಾಗಿದ್ದೂ ಗಾಡಿ ನಿಲ್ಲಲು ತಡಮಾಡಿದರೆ ಬೂಸ್ಟರನ್ನು ಪರೀಕ್ಷಿಸಬೇಕು. ಇಂಜಿನ್ ಆರಿಸಿ ಪೆಡಲು ಗಟ್ಟಿಯಾಗುವವರೆಗೆ ಹಲವು ಸಲ ತುಳಿದು, ಕಾಲನ್ನು ಅಲ್ಲಿಯೇ ಇಟ್ಟು ಇಂಜಿನ್ ಚಾಲೂ ಮಾಡಿದರೆ ಪೆಡಲು ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರೋ ಅದರ ಕೊಳವೆಯೋ ಕೆಟ್ಟಿರಬೇಕು. ಇದಕ್ಕೆ ಯಾವ ಉಪಕರಣವೂ ಬೇಡ, ಕಾಸಿನ ಖರ್ಚೂ ಇಲ್ಲ.

ಬ್ರೇಕು ಹಾಕಿದಾಗ ಗಾಡಿ ಒಂದು ಬದಿಗೆ ಎಳೆದರೆ ಎರಡು ಬದಿಯ ಹಿಡಿತ ಸಮನಾಗಿಲ್ಲವೆಂದರ್ಥ. ಟೈರಿನ ಗಾಳಿಯನ್ನು ಮೊದಲು ನೋಡಿ, ಅನಂತರ ಸಿಕ್ಕಿಕೊಂಡ ಕ್ಯಾಲಿಪರು, ಎಣ್ಣೆ ತಗಲಿದ ಪ್ಯಾಡು, ಒಳಗೆ ಉಬ್ಬಿದ ರಬ್ಬರ್ ಕೊಳವೆ ಇವನ್ನು ಪರೀಕ್ಷಿಸಬೇಕು. ಸ್ವಲ್ಪ ದೂರ ಓಡಿದ ಮೇಲೆ ಒಂದು ಚಕ್ರ ಮಾತ್ರ ಅತಿಯಾಗಿ ಕಾದು ಸುಟ್ಟ ವಾಸನೆ ಬಂದರೆ ಅಲ್ಲಿ ಬ್ರೇಕು ಬಿಡದೆ ಹಿಡಿದಿದೆ. ಪೆಡಲು ಕಾಲಿನ ಕೆಳಗೆ ಮಿಡಿದರೆ ಡಿಸ್ಕಿನ ದಪ್ಪ ಒಂದೇ ಸಮನಾಗಿ ಉಳಿದಿಲ್ಲದಿರಬಹುದು. ಮಳೆಯ ರಾತ್ರಿ ಕಳೆದು ಬೆಳಗ್ಗೆ ಕೇಳಿಬರುವ ಕಿರುಗುಟ್ಟುವಿಕೆಯು ನಾಲ್ಕು ಸಲ ಬ್ರೇಕು ಹಾಕಿದಾಗ ಮಾಯವಾದರೆ ಅದು ಡಿಸ್ಕಿನ ಮೇಲಿನ ತೆಳುವಾದ ತುಕ್ಕು, ಅಂಜಬೇಕಾಗಿಲ್ಲ. ದಿನವಿಡೀ ಕಿರುಗುಟ್ಟಿದರೆ ಪ್ಯಾಡು ಸವೆದುದರ ಸೂಚನೆಯಿರಬಹುದು. ಲೋಹಕ್ಕೆ ಲೋಹ ಉಜ್ಜುವ ಕರ್ಕಶ ಧ್ವನಿ ಬಂದ ಮೇಲೆ ಗಾಡಿಯನ್ನು ಮುಂದಕ್ಕೆ ಓಡಿಸಲೇಬಾರದು.

ಬ್ರೇಕ್ ಎಣ್ಣೆಯ ಮಟ್ಟ ಇಳಿದಾಗ ಮೇಲಿಂದ ಮೇಲೆ ತುಂಬಿ ಸುಮ್ಮನಾಗುವುದು ಅತಿ ಸಾಮಾನ್ಯವಾದ ತಪ್ಪು. ಮುಚ್ಚಿದ ವ್ಯವಸ್ಥೆಯಲ್ಲಿ ಎಣ್ಣೆ ಖರ್ಚಾಗುವ ಪದಾರ್ಥವಲ್ಲ. ಅದು ನಿಧಾನವಾಗಿ ಇಳಿದರೆ ಪ್ಯಾಡು ಸವೆದಿದೆ. ಬೇಗನೆ ಇಳಿದರೆ ಸೋರಿದೆ. ಗಲ್ಲಾದಲ್ಲಿ ದಿನವೂ ಹತ್ತು ರೂಪಾಯಿ ಕಡಿಮೆ ಬಿದ್ದರೆ ಜೇಬಿನಿಂದ ತುಂಬಿಸಿ ಲೆಕ್ಕವನ್ನು ಮುಚ್ಚುವ ಗುಮಾಸ್ತನುಂಟೇ? ಹಣ ಹೋದ ದಾರಿಯನ್ನು ಹುಡುಕುವುದೇ ಅವನ ಧರ್ಮ. ರೋಗನಿದಾನವೂ ಹಾಗೆಯೇ. ಪರೀಕ್ಷೆಯಿಲ್ಲದೆ ಒಂದಾದ ಮೇಲೊಂದು ಭಾಗವನ್ನು ಬದಲಿಸುತ್ತ ಹೋಗುವ ಗ್ಯಾರೇಜು ಬಡವನ ಹಣವನ್ನು ಕಳೆಯುತ್ತದೆ. ಮೂಲದೋಷವು ಇದ್ದಲ್ಲಿಯೇ ಇರುತ್ತದೆ. ಯಾವ ಪರೀಕ್ಷೆ ಮಾಡಿದಿರಿ, ಏನು ಕಂಡಿರಿ ಎಂದು ಕೇಳುವ ಹಕ್ಕು ಹಣ ಕೊಡುವವನಿಗೆ ಉಂಟು. ತೆಗೆದ ಹಳೆಯ ಪ್ಯಾಡನ್ನು ಕಣ್ಣಾರೆ ನೋಡುವ ಹಕ್ಕೂ ಉಂಟು.

ಹೊಸ ಕಾರಿನಲ್ಲಿ ಎ.ಬಿ.ಎಸ್. ಇದೆ, ಇನ್ನೇನು ಭಯವೆನ್ನುವವರೂ ಇದ್ದಾರೆ. ೧೯೭೮ರಲ್ಲಿ ಜರ್ಮನಿಯ ಕಾರುಗಳಲ್ಲಿ ವಿದ್ಯುನ್ಮಾನ ರೂಪದಲ್ಲಿ ಬಳಕೆಗೆ ಬಂದು, ೨೦೧೯ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಕಡ್ಡಾಯವಾದ ಈ ಸಾಧನವು ಉಪಕಾರಿಯೆಂಬುದು ನಿಜ. ಚಕ್ರಗಳು ಪೂರ್ತಿ ಸಿಕ್ಕಿ ಜಾರದಂತೆ ಅದು ಒತ್ತಡವನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುತ್ತದೆ. ಆಗ ಪೆಡಲು ಅದುರುವುದು ಸಹಜ, ಹೆದರಿ ಕಾಲೆತ್ತಬಾರದು. ಆದರೆ ಒತ್ತಡವೇ ಇಲ್ಲದ ಕೊಳವೆಯಲ್ಲಿ, ಸವೆದ ಪ್ಯಾಡಿನ ಮುಂದೆ, ಕುದಿದ ಎಣ್ಣೆಯ ನಡುವೆ ಅದು ಮಾಡುವುದಾದರೂ ಏನು?

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಬ್ರೇಕಿನ ದೂರು ಮೊದಲು ಮುಟ್ಟುವುದು ಚಾಲಕನ ಪಾದಕ್ಕೆ. ಅವನು ಬಂದು 'ಪೆಡಲು ಕೆಳಗೆ ಹೋಗುತ್ತಿದೆ' ಎಂದಾಗ 'ಇವತ್ತೊಂದು ದಿನ ಹೇಗಾದರೂ ಹೋಗಿ ಬಾ' ಎನ್ನುವ ಯಜಮಾನನು ತನ್ನ ಹೊಣೆಯನ್ನು ಚಾಲಕನ ಹೆಗಲಿಗೆ ದಾಟಿಸಿದೆನೆಂದು ಭಾವಿಸಬಹುದು. ಕಾನೂನು ಹಾಗೆ ಹೇಳುವುದಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೯೦ನೆಯ ಕಲಮು, ತಿಳಿದಿದ್ದ ದೋಷವಿರಲಿ, ಸಾಧಾರಣ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದ ದೋಷವಿರಲಿ, ಅಪಾಯಕರವಾದ ಅಂಥ ದೋಷವುಳ್ಳ ವಾಹನವನ್ನು ಓಡಿಸಿದವನನ್ನೂ ಓಡಿಸಲು ಬಿಟ್ಟವನನ್ನೂ ಸಮಾನವಾಗಿ ಅಪರಾಧಿಯೆನ್ನುತ್ತದೆ. 'ಸಾಧಾರಣ ಎಚ್ಚರಿಕೆ' ಎಂಬ ಮಾತನ್ನು ವಾಚಕರು ಗಮನಿಸಬೇಕು. ಅರ್ಧ ನಿಮಿಷ ಪೆಡಲನ್ನು ಒತ್ತಿ ನೋಡುವುದು ಸಾಧಾರಣ ಎಚ್ಚರಿಕೆಯಲ್ಲದೆ ಮತ್ತೇನು? ಅದನ್ನು ಮಾಡದವರು ಅನಂತರ 'ಬ್ರೇಕ್ ಫೇಲ್' ಎಂದರೆ ಅದು ಕಾರಣವಾಗಲಾರದು, ನೆಪವಾಗುತ್ತದೆ.

ರೈಲ್ವೆಯವರ ಪದ್ಧತಿಯಿಂದ ನಾವು ಕಲಿಯಬಹುದು. ಪುಣೆಯ ಕಡೆಯಿಂದ ಬರುವ ರೈಲು ಭೋರ್ ಘಾಟನ್ನು ಇಳಿಯುವಾಗ ಪ್ರಯಾಣಿಕರಾರೂ ಹತ್ತಿಳಿಯದ ಜಾಗದಲ್ಲಿ ನಿಲ್ಲುವುದನ್ನು ನಮ್ಮ ಓದುಗರನೇಕರು ಕಂಡಿರಬಹುದು. ಬ್ರೇಕು ಸರಿಯಾಗಿ ಹಿಡಿಯುತ್ತಿದೆಯೇ ಎಂದು ನೋಡಲು ರೂಢಿಯಾಗಿ ಬಂದ ನಿಲುಗಡೆಯದು. ಹಿಡಿತ ತಪ್ಪಿದ ಗಾಡಿಯನ್ನು ತಡೆಯಲು ಏರುಮುಖವಾದ ಬೇರೆ ಹಳಿಗಳನ್ನೂ ಅಲ್ಲಿ ಹಾಕಿದ್ದಾರೆ. ಕೆಲವು ನಿಮಿಷ ತಡವಾದರೂ ಚಿಂತೆಯಿಲ್ಲ, ಇಳಿಯುವ ಮುನ್ನ ಪರೀಕ್ಷೆಯಾಗಲೇಬೇಕೆಂಬುದು ಅಲ್ಲಿಯ ನಿಲುವು. ಚಾಲಕನ ಧೈರ್ಯವನ್ನೋ ದೈವಕೃಪೆಯನ್ನೋ ನಂಬಿ ಅವರು ಕುಳಿತಿಲ್ಲ.

ಆದಕಾರಣ ನಮ್ಮ ಸೂಚನೆ ಇಷ್ಟೇ. ವಾಹನವಿರುವ ಪ್ರತಿಯೊಂದು ಹೋಟೆಲಿನಲ್ಲಿಯೂ ಒಂದು ಪುಸ್ತಕವಿರಲಿ. ಚಾಲಕನು ಕಂಡ ದೋಷವನ್ನು ತಾರೀಕು ಸಹಿತ ಅದರಲ್ಲಿ ಬರೆಯಲಿ, ಯಜಮಾನನು ರುಜು ಹಾಕಲಿ, ದುರಸ್ತಿಯಾದ ದಿನವನ್ನೂ ಅದರಲ್ಲಿಯೇ ಕಾಣಿಸಲಿ. ಬ್ರೇಕಿನ ದೂರು ಬರೆದ ದಿನ ಗಾಡಿ ಹೊರಡದಿರಲಿ. ಆ ದಿನದ ಸಂಬಳವನ್ನು ಚಾಲಕನಿಗೆ ಕಡಿಯದಿರಲಿ. ಸ್ವಂತ ಕಾರುಳ್ಳವರು ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಬ್ರೇಕ್ ಎಣ್ಣೆಯನ್ನು ಬದಲಿಸಲಿ. ಊರಿಗೆ ಹೊರಡುವ ಒಂದು ವಾರ ಮೊದಲೇ ಪರೀಕ್ಷೆ ಮಾಡಿಸಲಿ. ಹಳೆಯ ಕಾರನ್ನು ಕೊಳ್ಳುವವರು ಬಣ್ಣವನ್ನೂ ಸೀಟಿನ ಹೊದಿಕೆಯನ್ನೂ ನೋಡುವ ಮೊದಲು ಪೆಡಲನ್ನು ಒತ್ತಿ ನೋಡಲಿ. ಹಾದಿಯಲ್ಲಿ ಬ್ರೇಕು ಸಡಿಲವಾದರೆ ಪೆಡಲನ್ನು ಬೇಗಬೇಗನೆ ತುಳಿಯುತ್ತ, ಗೇರನ್ನು ಒಂದೊಂದಾಗಿ ಇಳಿಸುತ್ತ, ಕೈಬ್ರೇಕನ್ನು ಹದವಾಗಿ ಎಳೆಯುತ್ತ ರಸ್ತೆಯಂಚಿಗೆ ತರಬೇಕೆಂಬುದನ್ನು ಮನೆಯಲ್ಲಿ ಗಾಡಿ ನಡೆಸುವ ಎಲ್ಲರೂ ತಿಳಿದಿರಲಿ.

ನಾಡಿನಿಂದ ದೂರ ಬಂದು ದುಡಿಯುವ ನಮ್ಮ ಜನರಲ್ಲಿ ಒಬ್ಬನ ಸಂಪಾದನೆಯನ್ನೇ ನಂಬಿದ ಮನೆಗಳು ಬಹಳ. ಒಂದು ಜೊತೆ ಪ್ಯಾಡಿನ ಬೆಲೆಯನ್ನು ಆ ಮನೆಗಳ ಅನ್ನದೊಡನೆ ತೂಗಿ ನೋಡುವ ವಿವೇಕವು ಯಜಮಾನರಿಗೂ ಕೆಲಸಗಾರರಿಗೂ ಸಮನಾಗಿ ಬರಲಿ.