ಹಾಡಿನ ಜತೆ ಹೆಸರೂ ಹೋಗಲಿ

ಉತ್ತರ ನೈಜೀರಿಯದ ಕಾನೊ ನಗರದಲ್ಲಿ ಫಾರ್ಮ್ ಸೆಂಟರ್ ಎಂಬ ಮಾರುಕಟ್ಟೆಯಿದೆ. ಎತ್ತ ನೋಡಿದರೂ ಮೊಬೈಲ್ ಅಂಗಡಿ. ಅಂಗಡಿಗಳ ಮುಂದೆ ಬಣ್ಣದ ದೊಡ್ಡ ಕೊಡೆ ನೆಟ್ಟು, ಅದರಡಿ ಮೊಳ ಅಗಲದ ಮೇಜು ಹಾಕಿಕೊಂಡು, ಲ್ಯಾಪ್‌ಟಾಪ್ ತೆರೆದು ಕೂತ ಹುಡುಗರು. ಮೆಮರಿ ಕಾರ್ಡಿಗೆ ಹಾಡು ತುಂಬಿಕೊಡುವುದು ಅವರ ಕಸುಬು. ನಮ್ಮ ಹುಬ್ಬಳ್ಳಿಯ ಮೊಬೈಲ್ ಅಂಗಡಿಗಳಲ್ಲೂ ಒಂದು ಕಾಲಕ್ಕೆ ಜನ ಸಾಲುಗಟ್ಟಿ ನಿಂತು ಹಾಡು ಹಾಕಿಸಿಕೊಳ್ಳುತ್ತಿದ್ದರಲ್ಲ, ಅದೇ ವ್ಯಾಪಾರ.

2012ರ ಒಂದು ಶುಕ್ರವಾರ, ನಮಾಜು ಮುಗಿದ ಮೇಲೆ, ನಮ್ಮ ಕಾರ್ಖಾನೆಯ ಮಷಿನ್ ಆಪರೇಟರ್ ಒಬ್ಬನ ಜತೆ ಅಲ್ಲಿಗೆ ಹೋಗಿದ್ದೆ. ನನಗೆ ಚಾರ್ಜರ್ ಬೇಕಿತ್ತು, ಅವನಿಗೆ ಹೊಸ ಹಾಡು. ಅಂಗಡಿ ಹುಡುಗ ‘ಸಬ್ಬಿನ್ ವಾಕೋಕಿ’, ಅಂದರೆ ಹೊಸ ಹಾಡುಗಳು, ಎಂಬ ಫೋಲ್ಡರ್ ತೆರೆದು ಒಂದೊಂದನ್ನೇ ತುಸು ತುಸು ಕೇಳಿಸುತ್ತಾ ಹೋದ. ಹತ್ತು ಹನ್ನೆರಡು ಹಾಡು ದಾಟಿರಬೇಕು, ನಮ್ಮ ಆಪರೇಟರ್ ಗಕ್ಕನೆ ಆ ಹುಡುಗನ ಮೊಣಕೈ ಹಿಡಿದುಕೊಂಡ. ಸ್ಪೀಕರಿನಲ್ಲಿ ಬರುತ್ತಿದ್ದುದು ಅವನದೇ ದನಿ. ಫೈಲಿನ ಹೆಸರು ‘ಟ್ರ್ಯಾಕ್ 07’. ಇದು ಯಾರ ಹಾಡು ಎಂದು ಕೇಳಿದ. ‘ಬನ್ ಸನಿ ಬಾ’, ಗೊತ್ತಿಲ್ಲ ಅಂದ ಹುಡುಗ. ಆದರೆ ಎಲ್ಲರೂ ಕೇಳಿ ಹಾಕಿಸಿಕೊಳ್ಳುತ್ತಾರೆ ಎಂದೂ ಸೇರಿಸಿದ. ನಮ್ಮವನು ಮಾತಾಡಲಿಲ್ಲ. ಉಳಿದ ಹಾಡುಗಳ ಜತೆಗೆ ತನ್ನ ಹಾಡಿಗೂ ದುಡ್ಡು ಕೊಟ್ಟು ಕಾರ್ಡು ತೆಗೆದುಕೊಂಡ. ವಾಪಸ್ ಬರುವಾಗ ದಾರಿಯಲ್ಲಿ ಒಂದೇ ಮಾತು ಹೇಳಿದ: ‘ಮೈಗಿಡಾ, ಹಾಡು ನನಗಿಂತ ಮೊದಲೇ ಪೇಟೆಗೆ ಬಂದಿದೆ.’

ಮೈಗಿಡಾ ಎಂದರೆ ಹೌಸಾ ಭಾಷೆಯಲ್ಲಿ ಮನೆಯ ಯಜಮಾನ. 2008ರಿಂದ 2019ರವರೆಗೆ ನಾನು ಕಾನೊದ ಬೊಂಪಾಯ್ ಕೈಗಾರಿಕಾ ಪ್ರದೇಶದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಅಚ್ಚುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಬಕೆಟ್ಟು, ಬೇಸಿನ್ನು, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಗಿಂಡಿ ಮಾಡುತ್ತಿದ್ದೆವು. ಅಚ್ಚು ಮುಚ್ಚಿ, ಪ್ಲಾಸ್ಟಿಕ್ ಇಳಿದು, ತಣಿದು, ಅಚ್ಚು ತೆರೆಯುವ ಲಯ ದಿನವಿಡೀ ಒಂದೇ. ನಮ್ಮ ಆಪರೇಟರ್ ಹುಡುಗ ರಾತ್ರಿ ಪಾಳಿಯಲ್ಲಿ ಅದೇ ಲಯಕ್ಕೆ ಗುನುಗುತ್ತಿದ್ದ. ಗುನುಗಿದ್ದು ಹಾಡಾಯಿತು. ಮೂರು ತಿಂಗಳ ಉಳಿತಾಯ ಹಾಕಿ, ಕೀಬೋರ್ಡು, ಕಂಪ್ಯೂಟರು ಇದ್ದ ಒಂದು ಕೋಣೆಯ ಸ್ಟುಡಿಯೊದಲ್ಲಿ ಅದನ್ನು ರೆಕಾರ್ಡ್ ಮಾಡಿಸಿದ.

ಅಂದಿನಿಂದ ಹೌಸಾ ಹಾಡುಗಾರರ ವಿಷಯ ಯಾರೇ ಎತ್ತಲಿ, ನನ್ನ ಕಿವಿ ನೆಟ್ಟಗಾಗುತ್ತದೆ. ಆನ್‌ಲೈನ್ ಪ್ರಚಾರ ಮಾಡಿಕೊಳ್ಳಿ, ಎಲ್ಲ ಕಡೆ ಅಪ್‌ಲೋಡ್ ಮಾಡಿ, ಲಿಂಕ್ ಹಂಚಿ ಎಂದು ಅವರಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಹಾಡು ಹರಡುವುದು ಅಲ್ಲಿ ಎಂದೂ ಕಷ್ಟವಾಗಿಲ್ಲ. ನೈಜೀರಿಯ, ನೈಜರ್ ಎಂಬ ಎರಡು ದೇಶಗಳ ನಡುವಿನ ಗೆರೆ ಎಳೆದವರು ಬ್ರಿಟಿಷರು, ಫ್ರೆಂಚರು; ಹೌಸಾ ಮಾತಾಡುವವರು ಗೆರೆಯ ಎರಡೂ ಬದಿಗಿದ್ದಾರೆ. ಕಾನೊದ ಹಾಡು ಗೆರೆಯಾಚೆಯ ಮರಾಡಿ, ಝಿಂಡರ್ ಊರುಗಳಿಗೆ ಲಾರಿ ಡ್ರೈವರನ ಜೇಬಿನಲ್ಲಿ, ಬ್ಲೂಟೂತಿನಲ್ಲಿ, ವಾಟ್ಸ್‌ಆ್ಯಪಿನಲ್ಲಿ ತಾನಾಗಿಯೇ ತಲುಪುತ್ತದೆ. ಹೋಗದೆ ಉಳಿಯುವುದು ಹಾಡಿದವನ ಹೆಸರು. ಹೆಸರಿಲ್ಲದೆ ಹಾಡನ್ನು ಇನ್ನಷ್ಟು ದೂರ ಅಟ್ಟುವುದನ್ನು ಪ್ರಚಾರ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ನೈಜರ್ ದೇಶದ ಎಮ್ದೂ ಮೊಕ್ತಾರ್ ಎಂಬ ಗಿಟಾರ್ ವಾದಕ ಇಂದು ಯುರೋಪು, ಅಮೆರಿಕದ ವೇದಿಕೆಗಳಲ್ಲಿ ನುಡಿಸುತ್ತಾರೆ. ತುವಾರೆಗ್ ಜನಾಂಗದವರು. ಅವರ ಮೊದಲ ಆಲ್ಬಂ 2008ರಲ್ಲಿ ರೆಕಾರ್ಡ್ ಆಗಿದ್ದು ಹೌಸಾ ಸೀಮೆಯ ಸೊಕೊಟೊದಲ್ಲಿ. ಹೌಸಾ ಸಿನಿಮಾ ಹಾಡುಗಳಂತೆಯೇ ಅದರಲ್ಲೂ ದನಿಗೆ ಆಟೊಟ್ಯೂನ್ ಹಾಕಿದ್ದರು. ಆ ಹಾಡುಗಳು ಮೊಬೈಲಿನಿಂದ ಮೊಬೈಲಿಗೆ ಸಹಾರಾದ ಅಂಚಿನುದ್ದಕ್ಕೂ ಹಬ್ಬಿದವು. ಮೊಬೈಲುಗಳಲ್ಲಿ ಸಿಕ್ಕ ಹಾಡುಗಳನ್ನೇ ಕಲೆಹಾಕಿ ಸಂಕಲನ ತಂದ ಅಮೆರಿಕದ ಕ್ರಿಸ್ಟೊಫರ್ ಕಿರ್ಕ್‌ಲಿ, ದನಿಯ ಒಡೆಯನನ್ನು ಹುಡುಕಿಕೊಂಡು ನೈಜರಿಗೇ ಹೋದರು. ಎಡಗೈಯಲ್ಲಿ ನುಡಿಸುವ ಮೊಕ್ತಾರ್‌ಗೆ ಎಡಗೈ ಗಿಟಾರನ್ನೇ ಒಯ್ದು ಕೊಟ್ಟರು. ಇದನ್ನು ಓದಿದಾಗೆಲ್ಲ ನನಗೆ ಖುಷಿಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಒಬ್ಬರನ್ನು ಹುಡುಕಿಕೊಂಡು ಒಬ್ಬರು ಬಂದರು. ‘ಟ್ರ್ಯಾಕ್ 07’ ಹಾಡಿದವನನ್ನು ಹುಡುಕಿಕೊಂಡು ಯಾರು ಬರಬೇಕು?

ಹಿಂದೆ ಹೀಗಿರಲಿಲ್ಲ. ಹೌಸಾ ಹಾಡುಗಾರ ಮಾಮ್ಮನ್ ಶಾಟಾ ಹಾಡಿದರೆ ರೇಡಿಯೊ ಕೇಳುತ್ತಿದ್ದ ಮುದುಕರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತಿತ್ತು. ಕುಂಟಿಗಿ ಎಂಬ ಒಂಟಿ ತಂತಿಯ ಪುಟ್ಟ ವಾದ್ಯ ಹಿಡಿದು ಬಡವರ ಬಗ್ಗೆ ಹಾಡಿದ ಡಾನ್ ಮರಾಯಾ ಜಾಸ್ ಅವರ ಹೆಸರಿನಲ್ಲೇ ಜಾಸ್ ಎಂಬ ಊರು ಇತ್ತು. ಆಗ ಹಾಡುಗಾರನೇ ಖುದ್ದಾಗಿ ಬಂದು ನಿಲ್ಲುತ್ತಿದ್ದ, ಇಲ್ಲವೇ ರೇಡಿಯೊದವರು ಹೆಸರು ಹೇಳಿ ಹಾಡು ಹಾಕುತ್ತಿದ್ದರು. ಫೈಲಿಗೆ ಅಂಥ ನಾಲಗೆ ಇಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹೆಸರು ಕಳಚುವ ಅಭ್ಯಾಸ ಕಾನೊಗೆ ಮೊಬೈಲಿನಿಂದ ಬಂದದ್ದಲ್ಲ. 1950ರ ದಶಕದಿಂದ ಲೆಬನಾನಿನ ವ್ಯಾಪಾರಿಗಳು ಅಲ್ಲಿಗೆ ಹಿಂದಿ ಸಿನಿಮಾ ತರಿಸಿ ತೋರಿಸಿದರು. ‘ಮದರ್ ಇಂಡಿಯಾ’ದ ಕತೆ ನನಗಿಂತ ಚೆನ್ನಾಗಿ ನಮ್ಮ ಗೇಟಿನ ಕಾವಲುಗಾರನಿಗೆ ಗೊತ್ತಿತ್ತು. ಸೂಫಿ ಹಾಡುಗಾರರು ಹಿಂದಿ ಮಟ್ಟುಗಳಿಗೆ ಪ್ರವಾದಿ ಸ್ತುತಿ ಕೂಡಿಸಿ ಬಂಡಿರಿ ಎಂಬ ಚರ್ಮವಾದ್ಯ ಬಾರಿಸುತ್ತಾ ಹಾಡಿದರು. ಕಾನೊದ ಸಿನಿಮಾ ಲೋಕ, ಅಂದರೆ ಕ್ಯಾನಿವುಡ್, ಅದೇ ಮಟ್ಟುಗಳಿಗೆ ಹೌಸಾ ಸಾಹಿತ್ಯ ಬರೆಸಿತು. ಮುಂಬಯಿಯ ಸಂಗೀತ ನಿರ್ದೇಶಕರ ಹೆಸರನ್ನು ಅಲ್ಲಿ ಯಾರೂ ಹೇಳಲಿಲ್ಲ. ಆದರೆ ಆ ನಿರ್ದೇಶಕರಿಗೆ ಕೂಲಿ ಸಿಕ್ಕಿತ್ತು. ಗಿಂಡಿ ಎರಕ ಹೊಯ್ಯುವ ಹುಡುಗನಿಗೆ ಸಿಕ್ಕಿರಲಿಲ್ಲ.

2017ರಲ್ಲಿ ಅವನು ಇನ್ನೊಂದು ಹಾಡು ಮಾಡಿದ. ಈ ಸಲ ಜಾಣತನದಿಂದ ಮಾಡೋಣ ಎಂದು ಸಾವಿರಾರು ಜನ ನೋಡುವ ಒಂದು ಚಾನೆಲ್‌ನವರಿಗೆ ದುಡ್ಡು ಕೊಟ್ಟು ಹಾಡು ಹಾಕಿಸಿದ. ಅವರು ಹಾಡಿನ ತಲೆಗೆ ತಮ್ಮ ಚಾನೆಲ್ಲಿನ ಹೆಸರು ಕೂಗುವ ದನಿ ಅಂಟಿಸಿದರು. ನಡುವೆಯೂ ಒಮ್ಮೆ ಅಂಟಿಸಿದರು. ಹಾಡು ಓಡಿತು. ಒಂದು ವರ್ಷ ಬಿಟ್ಟು ತನ್ನದೇ ಯೂಟ್ಯೂಬ್ ಚಾನೆಲ್ ತೆರೆದು ಅದೇ ಹಾಡು ಹಾಕಿದರೆ, ಇದರ ಹಕ್ಕು ಬೇರೆಯವರದು, ಇದರಿಂದ ಬರುವ ಹಣವೂ ಅವರಿಗೇ ಎಂದು ನೋಟಿಸು ಬಂತು. ಯೂಟ್ಯೂಬಿನ ಯಂತ್ರ ಹಾಡು ಕಟ್ಟಿದವರು ಯಾರೆಂದು ನೋಡುವುದಿಲ್ಲ. ಮೊದಲು ಯಾರು ತಮ್ಮದೆಂದು ದಾಖಲಿಸಿದ್ದಾರೋ ಅವರ ದನಿಯ ಗುರುತಿಗೆ ಹೊಸ ಫೈಲನ್ನು ಹೊಂದಿಸಿ ನೋಡುತ್ತದೆ, ಅಷ್ಟೆ. ಅಂದು ರಾತ್ರಿ ಅವನು ನನ್ನ ಕ್ವಾರ್ಟರ್ಸಿಗೆ ಬಂದು ಫೋನು ನನ್ನ ಕೈಗಿಟ್ಟು, ‘ಇದರಲ್ಲಿ ಏನು ಬರೆದಿದೆ ಓದಿ ಹೇಳಿ’ ಅಂದ. ಇಂಗ್ಲಿಷ್ ನೋಟಿಸನ್ನು ಅವನಿಗೆ ಹೌಸಾದಲ್ಲಿ ಬಿಡಿಸಿ ಹೇಳುವಾಗ ನನ್ನ ನಾಲಗೆ ತಡವರಿಸಿತು. ನಿನ್ನ ದನಿ ನಿನ್ನದಲ್ಲ ಎಂದು ಒಬ್ಬನಿಗೆ ಹೇಳುವುದು ಸುಲಭವಲ್ಲ.

ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು, ಜತೆಗೆ ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆಯೋ, 90 ದಿನಗಳಲ್ಲಿ ಕಿರು ವಿಡಿಯೊಗಳಿಗೆ ಒಂದು ಕೋಟಿ ವೀಕ್ಷಣೆಯೋ ಬೇಕು. ಸ್ಪಾಟಿಫೈ 2024ರಿಂದ, ವರ್ಷಕ್ಕೆ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಬಿಡಿಗಾಸೂ ಕೊಡುವುದಿಲ್ಲ. ನೈಜೀರಿಯದಲ್ಲಿ 2025ರ ಜನವರಿಯಲ್ಲಿ ಮೊಬೈಲ್ ದರವನ್ನು ಶೇ 50ರವರೆಗೆ ಏರಿಸಲು ಸರ್ಕಾರ ಒಪ್ಪಿಗೆ ಕೊಟ್ಟಿತು. ಡೇಟಾ ತುಟ್ಟಿಯಾದಷ್ಟೂ ಜನ ಹಾಡನ್ನು ಆ್ಯಪಿನಲ್ಲಿ ಕೇಳುವುದು ಬಿಟ್ಟು ಗೆಳೆಯನ ಫೋನಿನಿಂದ ಇಳಿಸಿಕೊಳ್ಳುತ್ತಾರೆ. ಹಾಗೆ ಕೇಳಿದ್ದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಹಳ್ಳಿಯೊಂದರ ಅಷ್ಟೂ ಫೋನುಗಳಲ್ಲಿರುವ ಹಾಡು ಕಂಪನಿಯ ಪುಸ್ತಕದಲ್ಲಿ ಸೊನ್ನೆ.

ಹಾಗಾದರೆ ಹೌಸಾ ಹಾಡುಗಾರರು ಬದುಕುವುದು ಯಾವುದರಿಂದ? ಮದುವೆಯಿಂದ. ಅವರು ಬಿಕಿ ಎನ್ನುವ ಮದುವೆ ಸಂಭ್ರಮಕ್ಕೆ ವಧು ವರರ ಹೆಸರು ಸೇರಿಸಿ ಹೊಸ ಹಾಡು ಕಟ್ಟಿಸುವುದು ಕಾನೊದ ಉಳ್ಳವರಲ್ಲಿ ರೂಢಿ. ಕಾಲರ್ ಟ್ಯೂನಿನಿಂದ ಒಂದಿಷ್ಟು ಬರುತ್ತದೆ. ಚುನಾವಣೆ ಬಂದರೆ ರಾಜಕಾರಣಿಗಳ ಹೊಗಳಿಕೆ ಹಾಡು. ಆಗಿನ ಅಧ್ಯಕ್ಷ ಬುಹಾರಿಯವರನ್ನು ಹಾಡಿ ಹೆಸರಾದ ದೌದಾ ಕಹುಟು ರರಾರಾ 2020ರಲ್ಲಿ ಅಭಿಮಾನಿಗಳಿಂದ ತಲಾ 1,000 ನೈರಾ ಕೇಳಿ ಹಣ ಎತ್ತಿದರು. ಅಷ್ಟು ಜನರನ್ನು ಕೇಳುವ ಧೈರ್ಯ ಅವರಿಗೆ ಬಂದದ್ದು ಅವರ ಹೆಸರು ಊರೂರಿಗೆ ಗೊತ್ತಿದ್ದುದರಿಂದ. ಅಂದರೆ ಹೌಸಾ ಹಾಡುಗಾರನಿಗೆ ಅಂತರ್ಜಾಲದಲ್ಲಿರುವ ಹಾಡು ಅಂಗಡಿಯ ಸರಕಲ್ಲ, ಅಂಗಡಿಯ ಬೋರ್ಡು. ಬೋರ್ಡಿನಲ್ಲಿ ಹೆಸರಿಲ್ಲದಿದ್ದರೆ ಮದುವೆ ಮನೆಯವರು ಯಾರಿಗೆ ಫೋನು ಮಾಡಬೇಕು?

2020ರ ಲಾಕ್‌ಡೌನಿನಲ್ಲಿ ಹಮಿಸು ಬ್ರೇಕರ್ ಅವರ ‘ಜರುಮಾ’ ಹಬ್ಬಿದಾಗ ನಾನು ಹುಬ್ಬಳ್ಳಿಯಲ್ಲಿದ್ದೆ. ಹೆಣ್ಣುಮಕ್ಕಳು ಮನೆಯೊಳಗೆ ಆ ಹಾಡಿಗೆ ಕುಣಿದ ವಿಡಿಯೊಗಳನ್ನು ಕಾನೊದ ಗೆಳೆಯರು ದಿನವೂ ಕಳಿಸುತ್ತಿದ್ದರು. ಅವನ್ನು ಹಂಚಿದವರೆಲ್ಲ ಹಾಡಿನ ಹೆಸರು, ಹಾಡಿದವರ ಹೆಸರು ಎರಡನ್ನೂ ಬರೆದು ಹಂಚಿದ್ದರು. ನನ್ನ ದೃಷ್ಟಿಯಲ್ಲಿ ಅದೇ ನಿಜವಾದ ಪ್ರಚಾರ. 2025ರ ಏಪ್ರಿಲ್‌ನಲ್ಲಿ ಅವರದೇ ‘ಅಮಾನಾ ತಾ’ ಹಾಡನ್ನು ಪ್ರಸಾರ ಮಾಡಬಾರದೆಂದು ಕಾನೊದ ರೇಡಿಯೊಗಳಿಗೆ ಸೂಚನೆ ಹೋಯಿತು. ಜನ ಹುಡುಕಿ ಹುಡುಕಿ ಕೇಳಿದರು. ಏನೆಂದು ಹುಡುಕಬೇಕೆಂದು ಅವರಿಗೆ ಗೊತ್ತಿತ್ತು.

ಹೆಸರು ಹೇಳಿಕೊಳ್ಳುವುದು ಅಲ್ಲಿ ಅಪಾಯವೂ ಹೌದು, ಅದನ್ನು ನಾನು ಮರೆತಿಲ್ಲ. ಕಾನೊ ರಾಜ್ಯದಲ್ಲಿ ಹಾಡನ್ನು ಹೊರತರುವ ಮುಂಚೆ ಸೆನ್ಸಾರ್ ಮಂಡಳಿಗೆ ತೋರಿಸಬೇಕು. ಹಾಗೆ ಮಾಡಲಿಲ್ಲವೆಂದು 2019ರಲ್ಲಿ, ಎಮಿರ್ ಆಸ್ಥಾನದ ಹಾಡುಗಾರ ಎಂಬ ಬಿರುದಿದ್ದ ನಾಝಿರು ಅಹ್ಮದ್ ಅವರನ್ನೇ ಬಂಧಿಸಿದರು. 2020ರಲ್ಲಿ ಯಹಾಯಾ ಶರೀಫ್ ಅಮಿನು ಎಂಬ ಯುವ ಹಾಡುಗಾರನಿಗೆ ವಾಟ್ಸ್‌ಆ್ಯಪಿನಲ್ಲಿ ಹರಿದಾಡಿದ ಒಂದು ಹಾಡಿಗಾಗಿ, ಧರ್ಮನಿಂದನೆಯ ಆರೋಪದ ಮೇಲೆ, ಷರಿಯಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಮರುವರ್ಷ ಹೈಕೋರ್ಟ್ ಮರುವಿಚಾರಣೆಗೆ ಹೇಳಿತು, ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪ್ರಚಾರದ ಪಾಠ ಹೇಳುವವರು ಇದನ್ನು ಬಿಟ್ಟು ಹೇಳಬಾರದು. ಹಿಂದೆ ಯಾವ ಕಂಪನಿಯೂ, ಯಾವ ವಕೀಲನೂ ಇಲ್ಲದ ಹುಡುಗನಿಗೆ, ಏನು ಹಾಡಿದರೆ ಯಾರ ಕಣ್ಣು ಬೀಳುತ್ತದೆ ಎಂಬುದೂ ತಿಳಿದಿರಬೇಕು.

ಇಷ್ಟಿದ್ದೂ, ಹೌಸಾ ಬಿಟ್ಟು ಇಂಗ್ಲಿಷ್ ಬೆರೆಸಿ ಹಾಡು, ಲಾಗೋಸಿಗೆ ಹೋಗು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಾನೊದಿಂದ ಸುಮಾರು ಸಾವಿರ ಕಿಲೊಮೀಟರ್ ದೂರದ ಆ ಊರಿನಲ್ಲಿ ಕೇಳುಗರಿದ್ದಾರೆ, ಸರಿ. ಆದರೆ ಕೋಟ್ಯಂತರ ಜನ ತಾಯ್ನುಡಿಯಲ್ಲೇ ಕೇಳಲು ಕಾದಿರುವಾಗ ಅವರನ್ನು ಬಿಟ್ಟು ಓಡಬೇಕೇಕೆ? ದುಡ್ಡಿಗೆ ಇಷ್ಟು ಸಾವಿರ ವೀಕ್ಷಣೆ ಎಂದು ಮಾರುವವರ ಹತ್ತಿರವಂತೂ ಸುಳಿಯಲೇಬಾರದು. ಅಲ್ಲಿ ನೋಡುವ ಮನುಷ್ಯರೇ ಇರುವುದಿಲ್ಲ, ಸಿಕ್ಕಿಬಿದ್ದರೆ ಹಾಡನ್ನೇ ತೆಗೆದುಹಾಕುತ್ತಾರೆ.

ನಾನು ನಮ್ಮ ಆಪರೇಟರನಿಗೆ ಹೇಳಿದ್ದು ಬೇರೆಯೇ. ಹಾಡು ಯಾರಿಗೇ ಕಳಿಸುವ ಮುಂಚೆ ನಿನ್ನ ಖಾತೆಯಲ್ಲಿ, ನಿನ್ನ ಹೆಸರಿನಲ್ಲಿ ಮೊದಲು ಹಾಕು. ಮಟ್ಟು ಹಾಕಿದವನ ಪಾಲೆಷ್ಟು, ನಿನ್ನದೆಷ್ಟು, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹೆಸರಿಗೆ ಒಂದೇ ಕಾಗುಣಿತ ಇಟ್ಟುಕೋ. ಇದು ಸಣ್ಣ ವಿಷಯವಲ್ಲ. ಹೌಸಾ ಬರವಣಿಗೆಯಲ್ಲಿ ಕೆಲವು ಅಕ್ಷರಗಳಿಗೆ ಕೊಕ್ಕೆ ಇರುತ್ತದೆ, ಫೋನಿನಲ್ಲಿ ಬರೆಯುವವರು ಸಾಮಾನ್ಯವಾಗಿ ಕೊಕ್ಕೆ ಹಾಕುವುದಿಲ್ಲ. ಕೊಕ್ಕೆಯಿಲ್ಲದ ಹೆಸರುಗಳಲ್ಲೂ ಷರೀಫ್, ಶೆರಿಫ್, ಷರಿಫ್ ಎಂದು ಒಬ್ಬರೇ ಮೂರು ಮಂದಿಯಾಗುತ್ತಾರೆ. ಅವನೂ ತನ್ನ ಹೆಸರನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆದಿದ್ದ.

ಕೊನೆಗೆ ಅವನಿಗೆ ನಮ್ಮ ಅಂಕಿತದ ವಿಷಯ ಹೇಳಿದೆ. ಶತಮಾನಗಳ ಹಿಂದೆ ನಮ್ಮಲ್ಲಿ ದಾಸರು, ಶರಣರು ಇದ್ದರು. ಅವರ ಮಾತು ಬಾಯಿಂದ ಬಾಯಿಗೆ ಬಂತು. ಆದರೂ ಇದು ಪುರಂದರದಾಸರದು, ಇದು ಬಸವಣ್ಣನವರದು ಎಂದು ಗುರುತಿಸುತ್ತೇವೆ. ದಾಸರು ಪದದ ಕೊನೆಗೆ, ಶರಣರು ವಚನದ ಮೈಯೊಳಗೆ ತಂತಮ್ಮ ದೇವರ ಹೆಸರಿನ ಗುರುತು ನೆಟ್ಟು ಹೋಗಿದ್ದಾರೆ ಎಂದೆ. ಫೈಲಿನ ಹೆಸರು ಯಾರು ಬೇಕಾದರೂ ಬದಲಿಸಬಹುದು, ಹಾಡಿನೊಳಗಿನ ಹೆಸರು ತೆಗೆಯಬೇಕಾದರೆ ಹಾಡನ್ನೇ ಕೊಯ್ಯಬೇಕು. ಅವನು ಬಹಳ ಹೊತ್ತು ಸುಮ್ಮನಿದ್ದ. ನಮ್ಮ ಹಳೆಯ ಮರೋಕಿಗಳು, ಅಂದರೆ ಹೊಗಳಿ ಹಾಡುವವರು, ಸಾಹುಕಾರನ ಹೆಸರು ಹಾಡುತ್ತಿದ್ದರು, ನಾನು ನನ್ನದನ್ನೇ ಹಾಡಲೇ ಎಂದು ಕೇಳಿದ. ಅವನ ದನಿಯಲ್ಲಿ ಸಂಕೋಚವಿತ್ತು.

ಕಳೆದ ತಿಂಗಳು ಬೆಳಗಿನ ಆರಕ್ಕೆ ವಾಟ್ಸ್‌ಆ್ಯಪಿಗೆ ಅವನ ಹೊಸ ಹಾಡು ಬಂತು. ಅವನೀಗ ಕಾರ್ಖಾನೆಯಲ್ಲಿಲ್ಲ, ಕಾನೊದ ದಕಾಟಾದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾನೆ. ಹಿಂದೆ ಹೊಲಿಗೆ ಯಂತ್ರದ ಸದ್ದು ಸಣ್ಣಗೆ ಕೇಳುತ್ತದೆ, ಅದನ್ನೇ ತಾಳಕ್ಕೆ ಸೇರಿಸಿಕೊಂಡಿದ್ದಾನೆ. ಪಲ್ಲವಿಯ ಕೊನೆಯಲ್ಲಿ ಅವನ ಹೆಸರು, ಅದರ ಬೆನ್ನಿಗೇ ದಕಾಟಾ. ಕೇಳಿ ಮುಗಿಸುವಷ್ಟರಲ್ಲಿ ಫೋನು ಬಂತು.

‘ಮೈಗಿಡಾ, ಹೆಸರು ಸರಿಯಾಗಿ ಕೇಳಿಸಿತೇ?’

‘ಚೆನ್ನಾಗಿ ಕೇಳಿಸಿತು’ ಅಂದೆ.

‘ಎಷ್ಟನೇ ಸೆಕೆಂಡಿಗೆ?’

ಮತ್ತೆ ಹಾಕಿ ನೋಡಿದೆ. ‘ಹತ್ತೊಂಬತ್ತು.’

‘ಜನ ಹದಿನೈದು ಸೆಕೆಂಡಿಗೆ ಕತ್ತರಿಸಿ ಹಂಚುತ್ತಾರೆ’ ಅಂದ. ‘ಸಂಜೆ ಕರೆಂಟು ಬಂದರೆ ಮತ್ತೆ ಹಾಡುತ್ತೇನೆ.’