ಅರ್ಥವಾಗದವರ ಪರವಾಗಿ

“ನಿಮಗೆ ಅರ್ಥವಾಗಿಲ್ಲ, ಅಷ್ಟೆ.” ವಾದದಲ್ಲಿ ಸೋಲುವ ಸೂಚನೆ ಕಂಡಾಗ ಪ್ರಯೋಗಿಸಬಹುದಾದ ಅಸ್ತ್ರಗಳಲ್ಲಿ ಇದಕ್ಕಿಂತ ಸುಲಭವಾದುದು ಬೇರೊಂದಿಲ್ಲ. ಇದನ್ನು ಹೇಳಿದವನು ಏನನ್ನೂ ವಿವರಿಸಬೇಕಾಗಿಲ್ಲ. ಹೇಳಿಸಿಕೊಂಡವನು ಮಾತ್ರ ತಾನು ದಡ್ಡನಲ್ಲವೆಂದು ರುಜುವಾತು ಪಡಿಸಬೇಕು. ಹಿಂದೆ ಈ ಅಸ್ತ್ರ ವೇದಾಂತಿಗಳ ಕೈಯಲ್ಲಿತ್ತು; ನಡುವೆ ಕೆಲವು ಕಾಲ ನವ್ಯಕವಿಗಳ ವಶಕ್ಕೆ ಬಂದಿತ್ತು; ಈಗ ಚಲಚ್ಚಿತ್ರದ ಅಭಿಮಾನಿಗಳ ಕೈ ಸೇರಿದೆ.

ಉಪೇಂದ್ರರು ಬರೆದು, ನಿರ್ದೇಶಿಸಿ, ನಟಿಸಿದ ‘ಯುಐ’ 2024ರ ಡಿಸೆಂಬರ್ 20ರಂದು ತೆರೆಗೆ ಬಂತಷ್ಟೆ. ಆ ವಾರದಿಂದಾಚೆಗೆ ನಮ್ಮ ಶಿರಾದಲ್ಲಿ, ಬಸ್ ನಿಲ್ದಾಣದ ಟೀ ಅಂಗಡಿಯಿಂದ ಹಿಡಿದು ಕಾಲೇಜಿನ ಮೆಟ್ಟಿಲವರೆಗೆ, ಎರಡೇ ಜಾತಿಯ ಜನ ಉಳಿದರು: ಅರ್ಥವಾದವರು, ಅರ್ಥವಾಗದವರು. ಬಿ.ಎ. ಓದುವ ನನ್ನ ವಿದ್ಯಾರ್ಥಿಯೊಬ್ಬ ತುಮಕೂರಿಗೆ ಹೋಗಿ ಮೊದಲ ದಿನವೇ ಚಿತ್ರ ನೋಡಿ ಬಂದ. 2015ರಲ್ಲಿ ‘ಉಪ್ಪಿ 2’ ಬಂದಾಗ ಅವನು ಪ್ರೈಮರಿ ಶಾಲೆಯ ಹುಡುಗ; ಅಪ್ಪನ ಜೊತೆ ಹೋಗಿ ನೋಡಿದ್ದನಂತೆ. ಅಪ್ಪನೂ ಅದೇ ನಟನ ಅಭಿಮಾನಿ. ಹೀಗೆ ಮನೆತನದ ಅಭಿಮಾನವನ್ನು ಹೊತ್ತು ಒಂಬತ್ತು ವರ್ಷ ಕಾದವನು, ಕಾಲೇಜಿನ ಭಿತ್ತಿಪತ್ರಿಕೆಗೆ ಎರಡು ಪುಟ ಬರೆದುಕೊಟ್ಟ. ಕಾದೆ, ನೋಡಿದೆ, ಮನಸ್ಸು ತುಂಬಲಿಲ್ಲ, ಕಾರಣ ಇಂತಿಂಥದು ಎಂಬುದು ಸಾರಾಂಶ. ಬೈಗುಳವಿಲ್ಲ, ಗೇಲಿಯಿಲ್ಲ. ಮರುದಿನ ಬೆಳಿಗ್ಗೆ ನೋಡುವಾಗ ಹಾಳೆಯನ್ನು ಯಾರೋ ಹರಿದಿದ್ದರು. ಗೋಡೆಗೆ ಅಂಟಿಕೊಂಡು ಉಳಿದ ಚೂರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು: “ನಿನಗೆ ಅರ್ಥವಾಗಿಲ್ಲ.”

ಆ ಚೂರನ್ನು ನೋಡಿದಾಗಲೇ ಈ ಲೇಖನ ಬರೆಯಬೇಕೆನಿಸಿತು. ಚಿತ್ರ ಬಂದು ಹೋಯಿತು. ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಮುಗಿಯದಿರುವುದೇ ಲೇಸು. ಆದರೆ ಜಗಳಕ್ಕೂ ಒಂದು ನ್ಯಾಯ ಬೇಕಲ್ಲವೆ?

ಮೊದಲು ಇದು ಒಂದು ಚಿತ್ರದ ಜಗಳವಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. 1998ರ ‘ಎ’, 1999ರ ‘ಉಪೇಂದ್ರ’, 2010ರ ‘ಸೂಪರ್’, 2015ರ ‘ಉಪ್ಪಿ 2’, 2024ರ ‘ಯುಐ’: ಹೆಸರಿಗೆ ಬೇರೆ ಬೇರೆಯಾದರೂ ನೋಡುವವರ ಮನಸ್ಸಿನಲ್ಲಿ ಇವೆಲ್ಲ ಒಂದೇ ಮಾಲೆ. 1999ರ ಚಿತ್ರದ ನಾಯಕನ ಹೆಸರು ‘ನಾನು’. 2015ರಲ್ಲಿ ಅವನೇ ‘ನೀನು’ ಆದ. ಯು, ಐ ಎಂಬ ಎರಡು ಅಕ್ಷರಗಳನ್ನು ‘ನೀನು, ನಾನು’ ಎಂದು ಓದಿಕೊಂಡು ಅಭಿಮಾನಿಗಳು ಸರಪಳಿಯ ಕೊಂಡಿ ಹಾಕಿದರು. ಈ ಮಾಲೆಯೆಲ್ಲವೂ ವೈಜ್ಞಾನಿಕ ಕಲ್ಪನೆಯದಲ್ಲ. ಆದರೆ ದಿನೇಶ್ ಬಾಬು ನಿರ್ದೇಶಿಸಿದ ‘ಹಾಲಿವುಡ್’ನಲ್ಲಿ, 2002ರಷ್ಟು ಹಿಂದೆಯೇ, ಉಪೇಂದ್ರರು ಯಂತ್ರಮಾನವನಾಗಿ ಬಂದಿದ್ದರು. ‘ಸೂಪರ್’ನಲ್ಲಿ 2030ರ ಕರ್ನಾಟಕವನ್ನು ತೋರಿಸಿದರು. ‘ಯುಐ’ ಬಿಡುಗಡೆಗೆ ಮೊದಲು ಹೊರಬಂದ ಮುನ್ನೋಟದಲ್ಲಿ 2040ರ ಲೋಕವನ್ನು ಮುಂದಿಟ್ಟರು. ಕನ್ನಡದಲ್ಲಿ ನಾಳೆಯ ಕಥೆ ಬರೆದವರಿಲ್ಲವೆಂದಲ್ಲ. ರಾಜಶೇಖರ ಭೂಸನೂರಮಠರು ಬರೆದರು, ಮನು ಬರೆದರು. ಆದರೆ ಪುಸ್ತಕದಂಗಡಿಯ ಮೆಟ್ಟಿಲು ತುಳಿಯದ ಲಕ್ಷಾಂತರ ಕನ್ನಡಿಗರಿಗೆ ನಾಳೆಯ ಕರ್ನಾಟಕ ಹೇಗಿದ್ದೀತು ಎಂಬ ಪ್ರಶ್ನೆಯನ್ನು ಎಸೆದವರಲ್ಲಿ ಈ ನಿರ್ದೇಶಕರು ಮುಖ್ಯರು. ಇದು ಸಣ್ಣ ಕೆಲಸವಲ್ಲ. ಕೆಲಸ ಸಣ್ಣದಲ್ಲವಾದುದರಿಂದಲೇ ಅದನ್ನು ಕುರಿತು ಕೇಳುವ ಪ್ರಶ್ನೆಯೂ ಸಣ್ಣದಾಗಬಾರದು.

‘ಸೂಪರ್’ನ 2030 ಒಂದು ಸ್ವರ್ಗ. ಅಲ್ಲಿ ರೂಪಾಯಿ ಮೇಲೆದ್ದಿದೆ. ವಿದೇಶೀಯರೇ ಕೆಲಸ ಹುಡುಕಿಕೊಂಡು ಇಲ್ಲಿಗೆ ಬರುತ್ತಾರೆ. ಅಮಾಯಕವಾದ ಕನಸು, ನಿಜ. ಆದರೂ ಅದು ಹೇಗೆ ಸಾಧ್ಯವಾಯಿತೆಂದು ನೋಡುವವನು ಕೇಳಬಹುದಾಗಿತ್ತು, ಚಿತ್ರ ತನಗೆ ತೋಚಿದ ಉತ್ತರವನ್ನು ಕೊಡುತ್ತಿತ್ತು. ಹದಿನಾಲ್ಕು ವರ್ಷಗಳ ತರುವಾಯ ಅದೇ ನಿರ್ದೇಶಕರು ನರಕವನ್ನು ಬರೆದರು. ಬರೆಯಬಾರದೆಂದು ಯಾರೂ ಹೇಳಲಿಲ್ಲ. 2010ರ ಕನಸು 2024ರಲ್ಲಿ ಏಕೆ ದುಃಸ್ವಪ್ನವಾಯಿತು ಎಂಬುದೇ ದೊಡ್ಡ ಕಥೆಯಾಗಬಹುದಾಗಿತ್ತು. ನನ್ನ ವಿದ್ಯಾರ್ಥಿ ಹುಡುಕಿಕೊಂಡು ಹೋದದ್ದು ಆ ಕಥೆಯನ್ನು. ಅವನಿಗೆ ಸಿಕ್ಕಿದುದು ಸಂಕೇತಗಳ ಸಂತೆ. ಜಾತಿ ಒಂದು ಸಂಕೇತ, ಧರ್ಮ ಒಂದು ಸಂಕೇತ, ಅಧಿಕಾರ, ಭೂಮಿ, ಮೊಬೈಲು, ಎಲ್ಲವೂ ಸಂಕೇತಗಳೇ. “ಚಿತ್ರ ನನಗೆ ಗುರುತುಗಳನ್ನು ತೋರಿಸಿತು, ಊರನ್ನು ತೋರಿಸಲಿಲ್ಲ” ಎಂದು ಅವನು ಬರೆದಿದ್ದ. ಹರಿದುಹೋದ ಹಾಳೆಯಲ್ಲಿದ್ದ ಈ ಒಂದು ವಾಕ್ಯವನ್ನು ನಾನು ಓದಿದ ಎಷ್ಟೋ ಅಚ್ಚಾದ ವಿಮರ್ಶೆಗಳಿಗೆ ಬದಲಾಗಿ ತೆಗೆದುಕೊಂಡೇನು.

ಏಕೆಂದರೆ ವೈಜ್ಞಾನಿಕ ಕಲ್ಪನೆಯ ಕಟ್ಟಳೆಯನ್ನೇ ಆ ಹುಡುಗ ತನಗೆ ತಿಳಿಯದೆ ಹೇಳಿದ್ದ. ಎಚ್. ಜಿ. ವೆಲ್ಸ್ 1897ರಲ್ಲಿ ಅದೃಶ್ಯ ಮನುಷ್ಯನ ಕಥೆ ಬರೆದನಷ್ಟೆ. ಮನುಷ್ಯ ಕಾಣದಂತಾಗುವುದು ಅಸಾಧ್ಯ. ಆ ಒಂದು ಅಸಾಧ್ಯವನ್ನು ಒಪ್ಪಿಕೊಳ್ಳಿರೆಂದು ಅವನು ಓದುಗರನ್ನು ಕೇಳಿಕೊಂಡ. ಅಲ್ಲಿಂದ ಮುಂದೆ ರಿಯಾಯಿತಿ ಕೇಳಲಿಲ್ಲ. ಮೈ ಕಾಣದಿದ್ದರೂ ಬಟ್ಟೆ ಕಾಣುತ್ತದೆ. ಆದುದರಿಂದ ಆ ನತದೃಷ್ಟ ಚಳಿಯಲ್ಲಿ ಬೆತ್ತಲೆ ಅಲೆಯಬೇಕು. ತಿಂದ ಅನ್ನ ಅರಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತದೆ. ಆದುದರಿಂದ ಊಟಕ್ಕೂ ಹೆದರಬೇಕು. ಸಾಲವನ್ನು ಒಂದೇ ಸಲ ಕೇಳಿ, ಆಮೇಲೆ ಕಾಸುಕಾಸಿಗೂ ಲೆಕ್ಕ ಒಪ್ಪಿಸುವ ಈ ನಿಯತ್ತು ಆ ಕಥೆಗೆ ಬಲ ಕೊಟ್ಟಿತು. ದೃಶ್ಯಕ್ಕೊಂದು ಹೊಸ ಅಸಾಧ್ಯವನ್ನು ತಂದು, ಲೆಕ್ಕ ಕೇಳಿದವನಿಗೆ “ಇದು ರೂಪಕ” ಎಂದುಬಿಟ್ಟರೆ ಸಾಲಗಾರ ಬಾಗಿಲು ಹಾಕಿಕೊಂಡಂತಾಯಿತು. ಕಠಿನವಾದ ಕೃತಿ ಬೇರೆ, ಲೆಕ್ಕವಿಡದ ಕೃತಿ ಬೇರೆ. ಮೊದಲನೆಯದನ್ನು ಎರಡನೆಯ ಸಲ ಓದಿದರೆ ತಿಳಿಯುತ್ತದೆ. ಎರಡನೆಯದನ್ನು ಹತ್ತು ಸಲ ನೋಡಿದರೂ ನೋಡಿದವನ ಬುದ್ಧಿವಂತಿಕೆಯೇ ತೆರೆಯ ಮೇಲೆ ಬೀಳುತ್ತದೆ.

‘ಯುಐ’ ಈ ಎರಡರಲ್ಲಿ ಯಾವುದೆಂದು ನಾನು ತೀರ್ಪು ಕೊಡಹೊರಟಿಲ್ಲ. ನನ್ನ ತಕರಾರು ಇನ್ನೊಂದು. ಚಿತ್ರ ಶುರುವಾಗುವ ಮುಂಚೆಯೇ ಪರದೆಯ ಮೇಲೆ ಒಂದು ಎಚ್ಚರಿಕೆ: ಬುದ್ಧಿವಂತರಾದವರು ಎದ್ದು ಹೋಗಬಹುದು, ದಡ್ಡರು ಪೂರ್ತಿ ನೋಡಬಹುದು ಎಂಬ ಅರ್ಥದ್ದು. ಮುಂದೆ ಚಿತ್ರದೊಳಗೇ ಒಬ್ಬ ವಿಮರ್ಶಕ ಬರುತ್ತಾನೆ. ಮತ್ತೆ ಮತ್ತೆ ನೋಡಿದರೂ ಅವನಿಗೆ ವಿಮರ್ಶೆ ಬರೆಯಲಾಗುವುದಿಲ್ಲ. ಚಮತ್ಕಾರವೇನೋ ಸೊಗಸಾಗಿದೆ, ನಾನೂ ನಕ್ಕೆ. ಆದರೆ ನಗು ಇಳಿದ ಮೇಲೆ ನೋಡಿದರೆ ಇದು ಕೋಟೆಯ ಎಲ್ಲ ಬಾಗಿಲುಗಳಿಗೂ ಒಳಗಿನಿಂದಲೇ ಅಗುಳಿ ಹಾಕಿದ ಹಾಗೆ. ಮೆಚ್ಚದವನು ಮುಂಚಿತವಾಗಿಯೇ ಒಂದು ಪಾತ್ರವಾಗಿ ಹೋಗಿದ್ದಾನೆ; ಅವನು ಏನು ಹೇಳಿದರೂ ಚಿತ್ರಕ್ಕೆ ಸಾಕ್ಷಿಯೇ! ನಿರ್ದೇಶಕರು ಇದನ್ನು ವಿನೋದಕ್ಕೆ ಮಾಡಿರಬಹುದು. ಅಭಿಮಾನಿಗಳು ವಿನೋದವನ್ನು ಕಾಯಿದೆಯಾಗಿ ಮಾಡಿಕೊಂಡು ಗೋಡೆಯ ಮೇಲಿನ ಹಾಳೆ ಹರಿಯುವವರೆಗೆ ಬಂದರು.

ಹಾಗೆಂದು ನಿರಾಶರಾದವರೆಲ್ಲ ಸಾಧುಗಳೆಂದು ನಾನು ಹೇಳಲಾರೆ. “ನಮಗೆ ಹಳೆಯ ‘ಉಪೇಂದ್ರ’ವನ್ನೇ ಮತ್ತೆ ಕೊಡಿ” ಎಂದು ಗೋಗರೆಯುವ ಪಂಗಡವೊಂದಿದೆ. ಇವರಲ್ಲಿ ಅರ್ಧ ಜನ 1999ರಲ್ಲಿ ಹುಟ್ಟಿರಲಿಲ್ಲ; ಕಾಣದ ಕಾಲವನ್ನು ನೆನೆದು ಕಣ್ಣೀರಿಡುತ್ತಾರೆ. ಇವರು ಆ ಚಿತ್ರವನ್ನು ಇಂದು ಇನ್ನೊಮ್ಮೆ ಕೂತು ನೋಡಲಿ. ಅದರ ಧೈರ್ಯ ಇಂದಿಗೂ ಬೆರಗುಗೊಳಿಸುತ್ತದೆ. ಹೆಣ್ಣುಮಕ್ಕಳನ್ನು ಕುರಿತು ಅದರ ನಾಯಕ ಆಡುವ ಮಾತುಗಳು ಇಂದಿಗೂ ಮುಜುಗರವನ್ನೇ ತರುತ್ತವೆ. ಕಲಾವಿದ ಬದಲಾಗುವುದು ಅಪರಾಧವಲ್ಲ. ನಿನ್ನೆಯ ಸಾರನ್ನೇ ಬಿಸಿಮಾಡಿ ಬಡಿಸೆಂದು ಹಟ ಹಿಡಿಯುವವನು ಹಸಿದವನಲ್ಲ, ಚಪಲದವನು.

ಚಪಲ ಕೆರಳಿದರೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಹೊರದೇಶದ ನಿದರ್ಶನವೂ ಉಂಟು. ಜಾರ್ಜ್ ಲ್ಯೂಕಾಸ್ 1977ರಲ್ಲಿ ಆರಂಭಿಸಿದ ‘ಸ್ಟಾರ್ ವಾರ್ಸ್’ ಮಾಲೆಯನ್ನು 2012ರಲ್ಲಿ ಡಿಸ್ನಿ ಸಂಸ್ಥೆ ಕೊಂಡುಕೊಂಡಿತು. 2017ರಲ್ಲಿ ಬಂದ ‘ದಿ ಲಾಸ್ಟ್ ಜೇಡೈ’ ಅಭಿಮಾನಿಗಳನ್ನು ಎರಡು ಪಾಳೆಯವಾಗಿ ಒಡೆಯಿತು. ಹಳೆಯ ನಾಯಕನನ್ನು ಮುಪ್ಪಿನಲ್ಲಿ ಹತಾಶನನ್ನಾಗಿ ತೋರಿಸಿದ್ದು ಸರಿಯೆ ಎಂಬುದು ವಾದ. ವಾದ ಯೋಗ್ಯವಾದುದೇ. ಆದರೆ ಕೆಲವರು ವಾದವನ್ನು ಬಿಟ್ಟು ಕೆಲ್ಲಿ ಮೇರಿ ಟ್ರಾನ್ ಎಂಬ ನಟಿಯನ್ನು ಬೆನ್ನಟ್ಟಿ ನಿಂದಿಸಿದರು. 2018ರಲ್ಲಿ ಆಕೆ ತನ್ನ ಇನ್‌ಸ್ಟಾಗ್ರಾಮ್ ಪುಟವನ್ನೇ ಬರಿದು ಮಾಡಿ ಹೊರನಡೆದಳು. ಕೃತಿಯ ಮೇಲಿನ ಸಿಟ್ಟನ್ನು ವ್ಯಕ್ತಿಯ ಮೇಲೆ ತೀರಿಸಿಕೊಳ್ಳುವುದು ನಿರಾಶೆಯಲ್ಲ, ಪುಂಡಾಟ. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸನನ್ನು ಕೊಂದಾಗಲೂ ಓದುಗರು ರೇಗಿದರು. 1903ರಲ್ಲಿ ಅವನನ್ನು ಬದುಕಿಸಿಕೊಟ್ಟಾಗ ಕೊಂಡಾಡಿದರು. ಕಥೆಯನ್ನು ಪ್ರೀತಿಸಿದವನಿಗೆ ಅದರ ಮೇಲೆ ಒಂದು ಬಗೆಯ ಬಾಧ್ಯತೆ ಹುಟ್ಟುತ್ತದೆ. ಅದಕ್ಕೆ ಎಲ್ಲೆ ಎಲ್ಲಿ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕೆಗೆ ಹೋಗಬೇಕಾಗಿಲ್ಲ, ನಮ್ಮ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ಹೋದರೆ ಸಾಕು. ಕಾಡುಗೊಲ್ಲರ ಜುಂಜಪ್ಪನಿಗಿಂತ ದೀರ್ಘವಾಗಿ ಈ ಸೀಮೆಯಲ್ಲಿ ಓಡಿದ ಮಾಲೆ ಯಾವುದಿದೆ? ಆಳುದ್ದದ ಗಣೆಯನ್ನು ನುಡಿಸುತ್ತ ಹಾಡುವವರ ಮುಂದೆ ಒಂದು ರಾತ್ರಿ ನಾನು ಕೂತಿದ್ದೆ. ಹಾಡಿಕೆ ಎಲ್ಲೋ ಒಂದು ಕಡೆ ದಾರಿ ತಪ್ಪಿರಬೇಕು. ಕಂಬಳಿ ಹೊದ್ದು ತೂಕಡಿಸುತ್ತಿದ್ದಾರೆಂದು ನಾನು ತಿಳಿದಿದ್ದ ಅಜ್ಜನೊಬ್ಬರು ತಲೆಯೆತ್ತಿ, “ಅದಂಗಲ್ಲ ಕಣಪ್ಪ” ಎಂದರು. ಹಾಡುವವರು ನಿಲ್ಲಿಸಿ ಕೇಳಿಸಿಕೊಂಡರು. ಸರಿಯೆನಿಸಿದುದನ್ನು ತೆಗೆದುಕೊಂಡು ಮುಂದುವರಿದರು. ನಿಮಗೆ ಅರ್ಥವಾಗಿಲ್ಲವೆಂದು ಅವರಾರೂ ಅಜ್ಜನಿಗೆ ಹೇಳಲಿಲ್ಲ. ಅಜ್ಜನೂ ಗಣೆಯನ್ನು ಕಿತ್ತುಕೊಳ್ಳಲಿಲ್ಲ. ಹಾಡುವ ಅಧಿಕಾರ ಹಾಡುವವನದು. “ಅದಂಗಲ್ಲ” ಎನ್ನುವ ಅಧಿಕಾರ ಕೇಳುವವನದು. ಎಲ್ಲೆ ಇರುವುದು ಇಲ್ಲಿಯೇ.

ಕನ್ನಡಕ್ಕೆ ಇದು ಹೊಸ ಪಾಠವೂ ಅಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಈ ನಾಡಿನ ಜನರನ್ನು ಹೊಗಳಿದುದು ಓದುಬರಹದ ಹಂಗಿಲ್ಲದೆಯೇ ಕಾವ್ಯದ ಗುಣದೋಷವನ್ನು ಬಲ್ಲವರೆಂದು. ಗುಣವನ್ನು ಮಾತ್ರ ಬಲ್ಲವರು ಎಂಬ ಅಭಿಪ್ರಾಯ ಅಲ್ಲಿಲ್ಲ. ಈಗಲಾದರೋ “ನಮ್ಮ ಕನ್ನಡದ ಚಿತ್ರ, ನಾವೇ ಹಳಿದರೆ ಹೇಗೆ?” ಎಂಬ ಕೂಗು. ನಾವಿರುವುದು ಗಡಿಸೀಮೆ. ಪಾವಗಡವನ್ನು ಆಂಧ್ರ ಬಹುಪಾಲು ಸುತ್ತುವರಿದಿದೆ. ನಮ್ಮೂರ ಪರದೆಗಳ ಮೇಲೆ ತೆಲುಗು ಚಿತ್ರಗಳಿಗೇನೂ ಬರವಿಲ್ಲ. ಕನ್ನಡದ ಚಿತ್ರ ಗೆಲ್ಲಬೇಕೆಂಬ ಕಳಕಳಿ ನಮಗೆ ಬೆಂಗಳೂರಿನವರಿಗಿಂತ ಒಂದು ಗುಂಜಿ ಹೆಚ್ಚೇ ಇದ್ದೀತು. ಆದರೆ ಸುಳ್ಳು ಹೊಗಳಿಕೆಯಿಂದ ಗೆದ್ದ ಭಾಷೆ ಯಾವುದು? 2024ರ ಡಿಸೆಂಬರಿನಲ್ಲಿ ತಮಿಳು ಚಿತ್ರನಿರ್ಮಾಪಕರ ಸಂಘವೊಂದು, ಚಿತ್ರ ತೆರೆಕಂಡ ಮೊದಲ ಮೂರು ದಿನ ವಿಮರ್ಶೆ ಪ್ರಕಟವಾಗದಂತೆ ತಡೆಯಬೇಕೆಂದು ಮದರಾಸು ಹೈಕೋರ್ಟಿನ ಮೊರೆಹೊಕ್ಕಿತು. ನ್ಯಾಯಾಲಯ ಅಂಥ ತಡೆ ಕೊಡಲಿಲ್ಲ. ನ್ಯಾಯಾಲಯ ನಿರಾಕರಿಸಿದುದನ್ನು ನಮ್ಮ ಅಭಿಮಾನಿಗಳು ಕೆಂಪು ಶಾಯಿಯಿಂದ ಸಾಧಿಸಲು ಹೊರಟಿದ್ದಾರೆ.

ಯೋಚಿಸಿ ನೋಡಿದರೆ ನಿರಾಶನಾಗುವುದಕ್ಕೂ ಯೋಗ್ಯತೆ ಬೇಕು. ಏನನ್ನೂ ನಿರೀಕ್ಷಿಸದವನಿಗೆ ನಿರಾಶೆಯಿಲ್ಲ. ಪ್ರೀತಿಸದವನಿಗೆ ಕಾಯುವ ತಾಳ್ಮೆಯಿಲ್ಲ. ಒಂಬತ್ತು ವರ್ಷ ಕಾದು, ಬಸ್ಸಿನಲ್ಲಿ ತುಮಕೂರಿಗೆ ಹೋಗಿ, ದುಡ್ಡು ಕೊಟ್ಟು ನೋಡಿ, ಬಂದು ಕಾರಣ ಸಮೇತ ಎರಡು ಪುಟ ಬರೆದ ಹುಡುಗ ಆ ನಿರ್ದೇಶಕರಿಗೆ ಸಲ್ಲಿಸಿದ ಗೌರವವನ್ನು ಸಿಳ್ಳೆ ಹಾಕಿದವರು ಸಲ್ಲಿಸಿಲ್ಲ. ಅಂಥವನ ಬಾಯಿ ಮುಚ್ಚಿಸಿದರೆ ನಷ್ಟ ಒಂದು ಚಿತ್ರಕ್ಕಲ್ಲ. ಆ ಘಟನೆಯ ತರುವಾಯ ಅವನು ಬಹಳ ದಿನ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಪಂಪನ ಪದ್ಯವೊಂದರ ಅರ್ಥ ಕೇಳಿದರೆ, “ನನಗೆ ಅರ್ಥವಾಗಿಲ್ಲ, ಸಾರ್” ಎಂದು ಕೂತುಬಿಡುತ್ತಿದ್ದ. ಅರ್ಥವಾಗಿದೆಯೆಂದು ನನಗೆ ಗೊತ್ತಿತ್ತು. ಹೇಳಿದರೆ ಯಾರು ಏನೆಂದಾರೋ ಎಂಬ ಅಂಜಿಕೆ. ಒಂದು ತಲೆಮಾರಿಗೆ ಈ ಅಂಜಿಕೆ ಅಂಟಿತೆಂದರೆ ನಾಳೆ ಎಂಥ ಚಿತ್ರ ಬಂದರೂ, ಎಂಥ ಕಾವ್ಯ ಬಂದರೂ, ಚಪ್ಪಾಳೆ ಸಿಕ್ಕೀತು, ಓದುಗ ಸಿಕ್ಕಲಾರ.

ಹಾಳೆ ಹರಿದವನು ಯಾರೆಂದು ನಾನು ವಿಚಾರಣೆ ಮಾಡಲಿಲ್ಲ, ಮಾಡುವುದೂ ಇಲ್ಲ. ಅವನಿಗೆ ಚಿತ್ರ ನಿಜವಾಗಿ ಅರ್ಥವಾಗಿದ್ದರೆ ಬಹಳ ಸಂತೋಷ. ಅರ್ಥವಾದುದನ್ನು ಎರಡು ಪುಟದಲ್ಲಿ ಬರೆದು ತರಲಿ. ಆ ಗೋಡೆಯ ಮೇಲೆ ಇನ್ನೂ ಬೇಕಾದಷ್ಟು ಜಾಗವಿದೆ.