ಆಮದು ರೇಷ್ಮೆಯ ಲಾಭ–ನಷ್ಟ ಎಲ್ಲರಿಗೂ ಹಂಚಿಕೆಯಾಗಲಿ: ಕೇಂದ್ರ ರೇಷ್ಮೆ ಮಂಡಳಿಗೆ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕೇಂದ್ರ ರೇಷ್ಮೆ ಮಂಡಳಿ,
ಬೆಂಗಳೂರು.

ಇಂದ,
ರಾಮನಗರ, ಕನಕಪುರ, ಚನ್ನಪಟ್ಟಣ ಮತ್ತು ಶಿಡ್ಲಘಟ್ಟ ಭಾಗದ ರೇಷ್ಮೆ ಬೆಳೆಗಾರರು, ರೀಲರ್‌ಗಳು ಹಾಗೂ ಬಿಚ್ಚಾಣಿಕೆ ಕಾರ್ಮಿಕರು.

ವಿಷಯ: ಕಚ್ಚಾ ರೇಷ್ಮೆಯ ಆಮದು ಸುಂಕದ ಏರಿಳಿತದಿಂದ ಬೆಳೆಗಾರರು ಮತ್ತು ಸಣ್ಣ ರೀಲರ್‌ಗಳಿಗೆ ಆಗುತ್ತಿರುವ ನಷ್ಟ ತಡೆಯುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ವಿದೇಶಿ ರೇಷ್ಮೆಗೆ ಬಾಗಿಲು ಮುಚ್ಚಿ ಎಂದು ಕೇಳಲು ನಾವು ಬಂದಿಲ್ಲ. ಬಾಗಿಲು ತೆರೆದದ್ದರಿಂದ ಬಂದ ಲಾಭ ಕೆಲವರ ಪಾಲಾಗಿ, ನಷ್ಟವೆಲ್ಲ ಹುಳುಮನೆಗೂ ಬಿಚ್ಚಾಣಿಕೆ ಒಲೆಗೂ ಬಂದು ಬೀಳುತ್ತಿದೆ. ಈ ಲೆಕ್ಕ ಸರಿಯಾಗಬೇಕು ಎಂಬುದಷ್ಟೇ ನಮ್ಮ ಕೋರಿಕೆ.

ಹೊರದೇಶಗಳ ಸಂಪರ್ಕದಿಂದ ಆದ ಉಪಕಾರವನ್ನು ನಾವು ಮರೆತಿಲ್ಲ. 1991ರಿಂದ ಜಪಾನಿನ ನೆರವಿನಲ್ಲಿ ನಡೆದ ಯೋಜನೆಯಿಂದಾಗಿಯೇ ದ್ವಿತಳಿ ಗೂಡು ನಮ್ಮ ರೈತರ ಕೈಗೆ ಹತ್ತಿತು. ಎಲೆ ಬಿಡಿಸಿ ಹಾಕುವ ಬದಲು ರೆಂಬೆ ಸಮೇತ ಸೊಪ್ಪು ಕೊಡುವ ಪದ್ಧತಿ ಹರಡಿ ಮನೆಯ ಹೆಂಗಸರ ದುಡಿತ ಕಡಿಮೆಯಾಯಿತು. ಚೀನಾದಿಂದ ಬಂದ ಸ್ವಯಂಚಾಲಿತ ಯಂತ್ರಗಳಿಂದ ಮೇಲ್ದರ್ಜೆಯ ನೂಲು ಇಲ್ಲಿಯೇ ತಯಾರಾಗುವಂತಾಯಿತು. ಬನಾರಸಿನ ನೇಕಾರನಿಗೂ ಬೆಂಗಳೂರಿನ ವಿದ್ಯುತ್ ಮಗ್ಗದವನಿಗೂ ಹಾಸು ಎಳೆಗೆ ಬೇಕಾದ, ಕಡಿಯದ, ಒಂದೇ ಸಮನಾದ ನೂಲು ಆಮದಿನಿಂದ ಸಿಕ್ಕಿತು. ಅವರ ಮಗ್ಗ ನಿಂತರೆ ನಮ್ಮ ಮಿಶ್ರತಳಿ ನೂಲನ್ನು ಹೊಕ್ಕಿಗೆ ಕೊಳ್ಳುವವರೂ ಇರುವುದಿಲ್ಲ.

ಇನ್ನು ನಷ್ಟದ ಕಡೆ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಆಮದಿನ ಪರಿಮಾಣಕ್ಕಿದ್ದ ನಿರ್ಬಂಧಗಳಲ್ಲಿ ಉಳಿದವೂ 2001ರ ಏಪ್ರಿಲ್‌ನಲ್ಲಿ ತೆರವಾದ ಮೇಲೆ ಬೆಳೆಗಾರನಿಗೆ ಉಳಿದ ಮುಖ್ಯ ರಕ್ಷಣೆ ಸುಂಕವೇ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಯಿತು. ಗೂಡಿನ ದರ ಕುಸಿಯಿತು, ಹಲವರು ಹಿಪ್ಪುನೇರಳೆ ತೋಟವನ್ನೇ ಕಿತ್ತರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು, ನಡುವೆ ಶೇ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ ಶೇ 15 ಆಯಿತು. ಸುಂಕವನ್ನು ಒಂದೇ ದಿನದಲ್ಲಿ ಬದಲಿಸಬಹುದು. ಕಿತ್ತ ತೋಟವನ್ನು ಮತ್ತೆ ಹಚ್ಚಿ ಸೊಪ್ಪಿಗೆ ತರಲು ತಿಂಗಳುಗಟ್ಟಲೆ ಬೇಕು, ಸಾಲವೂ ಬೇಕು.

ದರ ಬಿದ್ದಾಗ ಬೆಳೆಗಾರನಿಗೆ ಕಾಯುವ ದಾರಿಯಿಲ್ಲ. ನಾಲ್ಕನೇ ಬಾರಿ ಪೊರೆ ಕಳಚುವ ಜ್ವರದಿಂದ ಎದ್ದ ಹುಳಕ್ಕೆ ಹಗಲುರಾತ್ರಿ ಸೊಪ್ಪು ಹಾಕಿ, ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಂಕಿಗೆ ಬಿಟ್ಟು, ಗೂಡು ಬಿಡಿಸಿದ ಮೇಲೆ ಕೆಲವೇ ದಿನಗಳಲ್ಲಿ ಮಾರಿಬಿಡಬೇಕು. ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಆಮದುದಾರನ ನೂಲು ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೆಡದೆ ಕೂರುತ್ತದೆ. ಹೀಗಾಗಿ ಹರಾಜಿನಲ್ಲಿ ಕೂಗಿದ ದರಕ್ಕೆ ಲಾಟು ಬಿಟ್ಟುಕೊಡುವುದು ರೈತನಿಗೆ ಅನಿವಾರ್ಯ.

ಸಣ್ಣ ರೀಲರನ ಪಾಡೂ ಇದೇ. ಸ್ವಯಂಚಾಲಿತ ಯಂತ್ರಕ್ಕೆ ಬೇಕಾದ ಬಂಡವಾಳವಾಗಲಿ, ನಿತ್ಯ ಒಂದೇ ಗುಣಮಟ್ಟದ ದ್ವಿತಳಿ ಗೂಡಾಗಲಿ ಆತನಿಗೆ ಎಟುಕುವುದಿಲ್ಲ. ಬೆಳಿಗ್ಗೆ ಕೊಂಡ ಗೂಡಿನ ಹಣವನ್ನು ನೂಲು ಮಾರಿಯೇ ಹೊಂದಿಸಬೇಕು. ಆತನ ಬೇಸಿನ್ ಮುಂದೆ ಕೂತ ಹೆಂಗಸರು ದಿನವಿಡೀ ಬಿಸಿನೀರಿನಲ್ಲಿ ಬೆರಳಿಟ್ಟು ಎಳೆ ಹುಡುಕುತ್ತಾರೆ. ಬೆರಳ ತುದಿಯ ಚರ್ಮ ಬಿಳಿಚಿ ಸುಲಿಯುತ್ತದೆ. ನೂಲಿನ ದರ ಇಳಿದರೆ ಮೊದಲು ಕಡಿತವಾಗುವುದು ಅವರ ಕೂಲಿ.

ಕಚ್ಚಾ ರೇಷ್ಮೆಯ ಆಮದು–ರಫ್ತು ಸೇರಿದಂತೆ ಈ ಉದ್ಯಮದ ಬೆಳವಣಿಗೆಯ ಬಗ್ಗೆ ಕೇಂದ್ರ ಸರ್ಕಾರಕ್ಕೆ ಸಲಹೆ ಕೊಡುವ ಹೊಣೆಯನ್ನು 1948ರ ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಯೇ ತಮಗೆ ವಹಿಸಿದೆ. ಆದ್ದರಿಂದ ಕೆಳಕಂಡ ಬೇಡಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇವೆ.

ಬೇಡಿಕೆಗಳು

1. ಬೆಳೆಗಾರರು, ರೀಲರ್‌ಗಳು ಮತ್ತು ನೇಕಾರರನ್ನು ಒಟ್ಟಿಗೆ ಕೂರಿಸಿ ಅಭಿಪ್ರಾಯ ಕೇಳದೆ ಆಮದು ಸುಂಕ ಬದಲಿಸಬಾರದು. ಇಳಿಸುವುದೇ ಆದರೆ ಕನಿಷ್ಠ ಆರು ತಿಂಗಳ ಮುನ್ಸೂಚನೆ ಕೊಟ್ಟು ಹಂತಹಂತವಾಗಿ ಇಳಿಸಬೇಕು.

2. ಮಿಶ್ರತಳಿ ಮತ್ತು ದ್ವಿತಳಿ ಗೂಡಿನ ಉತ್ಪಾದನಾ ವೆಚ್ಚವನ್ನು ಪ್ರತಿ ವರ್ಷ ಲೆಕ್ಕಹಾಕಿ ಪ್ರಕಟಿಸಬೇಕು. ಹರಾಜು ದರ ಅದಕ್ಕಿಂತ ಕೆಳಗಿಳಿದರೆ ವ್ಯತ್ಯಾಸದ ಹಣ ರೈತನ ಖಾತೆಗೆ ಜಮೆಯಾಗಬೇಕು. ಆಮದು ನೂಲಿನಿಂದ ಬರುವ ಸುಂಕದ ಒಂದು ಪಾಲನ್ನು ಇದಕ್ಕೆಂದೇ ಮೀಸಲಿಡಬೇಕು.

3. ದರ ಕುಸಿದ ದಿನಗಳಲ್ಲಿ ಸಣ್ಣ ರೀಲರ್‌ಗಳು ನೂಲು ಅಡವಿಟ್ಟು ಕಡಿಮೆ ಬಡ್ಡಿಗೆ ಸಾಲ ಪಡೆಯುವಂತಾಗಬೇಕು. ರೀಲರನ ಕೈಯಲ್ಲಿ ಹಣವಿದ್ದರೆ ಹರಾಜೂ ಬೀಳುವುದಿಲ್ಲ.

4. ಯಂತ್ರದ ಸಹಾಯಧನ ದೊಡ್ಡ ಘಟಕಗಳಿಗಷ್ಟೇ ಸೀಮಿತವಾಗದೆ, ಹತ್ತಾರು ಸಣ್ಣ ರೀಲರ್‌ಗಳು ಸೇರಿ ನಡೆಸುವ ಸಾಮೂಹಿಕ ಘಟಕಗಳಿಗೂ ಸಿಗಬೇಕು. ಹೊಸ ಯಂತ್ರದಿಂದ ಕೆಲಸ ಕಳೆದುಕೊಳ್ಳುವ ಹೆಂಗಸರಿಗೆ ಅದೇ ಘಟಕದಲ್ಲಿ ತರಬೇತಿ ಮತ್ತು ಕೆಲಸ ಕೊಡಬೇಕು. ಎಲ್ಲ ಬಿಚ್ಚಾಣಿಕೆ ಕಾರ್ಮಿಕರಿಗೂ ಆರೋಗ್ಯ ವಿಮೆ ಇರಬೇಕು.

5. ಸೀರೆ ಅಪ್ಪಟ ರೇಷ್ಮೆಯದು ಎಂಬುದಕ್ಕೆ ಸಿಲ್ಕ್ ಮಾರ್ಕ್ ಖಾತರಿ ಕೊಡುತ್ತದೆ. ಅದರ ಜೊತೆಗೆ ನೂಲು ದೇಶದ್ದೋ ಆಮದಿನದೋ ಎಂಬುದನ್ನೂ ಚೀಟಿಯಲ್ಲಿ ನಮೂದಿಸಬೇಕು. ಯಾವುದನ್ನು ಕೊಳ್ಳಬೇಕೆಂಬುದು ಗಿರಾಕಿಗೆ ಬಿಟ್ಟದ್ದು. ತಿಳಿಯುವ ಹಕ್ಕಂತೂ ಅವರಿಗಿದೆ.

6. ವ್ಯಾಪಾರ ಒಪ್ಪಂದಗಳ ರಿಯಾಯಿತಿಯಲ್ಲಿ ಬರುವ ನೂಲು ನಿಜವಾಗಿ ಯಾವ ದೇಶದಲ್ಲಿ ತಯಾರಾಯಿತೆಂದು ಬಂದರಿನಲ್ಲೇ ಪರಿಶೀಲಿಸಬೇಕು. ಪ್ರತಿ ತಿಂಗಳ ಆಮದಿನ ಪ್ರಮಾಣ ಮತ್ತು ದರವನ್ನು ಗೂಡಿನ ಮಾರುಕಟ್ಟೆಗಳ ಫಲಕದಲ್ಲಿ ಕನ್ನಡದಲ್ಲಿ ಹಾಕಬೇಕು.

ಈ ಪೈಕಿ ಮೂಲ ದೇಶದ ನಮೂದು, ವೆಚ್ಚದ ಲೆಕ್ಕ ಮತ್ತು ಫಲಕದ ಮಾಹಿತಿಗೆ ದೊಡ್ಡ ಅನುದಾನವೇನೂ ಬೇಕಿಲ್ಲ. ಅವುಗಳನ್ನು ಕೂಡಲೇ ಕೈಗೆತ್ತಿಕೊಳ್ಳಬಹುದು. ಉಳಿದವುಗಳ ಬಗ್ಗೆ, ಮುಂದಿನ ಕೇಂದ್ರ ಬಜೆಟ್‌ಗೆ ಮಂಡಳಿಯ ಸಲಹೆ ಹೋಗುವ ಮೊದಲೇ ರಾಮನಗರದಲ್ಲಿ ಜಂಟಿ ಸಭೆ ಕರೆದು ಲಿಖಿತ ಉತ್ತರ ನೀಡಬೇಕೆಂದು ಕೋರುತ್ತೇವೆ.



ಇಂತಿ ತಮ್ಮ ವಿಶ್ವಾಸಿಗಳು,
ರೇಷ್ಮೆ ಬೆಳೆಗಾರರು, ರೀಲರ್‌ಗಳು ಮತ್ತು ಬಿಚ್ಚಾಣಿಕೆ ಕಾರ್ಮಿಕರ ಪರವಾಗಿ

ಸ್ಥಳ: ರಾಮನಗರ

ಪ್ರತಿಗಳು:
1. ಕೇಂದ್ರ ಜವಳಿ ಸಚಿವಾಲಯ, ನವದೆಹಲಿ
2. ರೇಷ್ಮೆ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು